ಎಮರ್ಜೆನ್ಸಿ ಬಾಗಿಲಿಗೇ ಬೀಗ ಜಡಿದಿದಾರೆ, ಕೇಳಿದ್ರೆ ಕೆಲಸ ಹೋಗುತ್ತಾ?

ನೈಟ್‌ಶಿಫ್ಟ್_ಗೂಬೆ

ಎಲ್ರಿಗೂ ನಮಸ್ಕಾರ. ನಾನು ಒಂದು ಆಫೀಸಲ್ಲಿ ನೈಟ್ ಶಿಫ್ಟ್ ಮಾಡ್ತೀನಿ, ಆರನೇ ಫ್ಲೋರು, ರಾತ್ರಿ ಹೊತ್ತು ಒಂದು ನಲವತ್ತು ಜನ ಇರ್ತೀವಿ. ಹೋದ ತಿಂಗಳು ಎರಡು ಲ್ಯಾಪ್‌ಟಾಪ್ ಕಳುವಾಯ್ತು, ಯಾರು ಎತ್ಕೊಂಡು ಹೋದ್ರೋ ಗೊತ್ತಾಗ್ಲಿಲ್ಲ, ಕ್ಯಾಮೆರಾದಲ್ಲೂ ಸಿಗ್ಲಿಲ್ಲ, ಅದಾಗಿ ಒಂದು ವಾರಕ್ಕೆ ನೋಡಿದ್ರೆ ಹಿಂದುಗಡೆ ಮೆಟ್ಟಿಲಿಗೆ ಹೋಗೋ ಎಮರ್ಜೆನ್ಸಿ ಬಾಗಿಲಿಗೆ ಚೈನ್ ಸುತ್ತಿ ಬೀಗ ಹಾಕ್ಬಿಟ್ಟಿದಾರೆ. ಮೇಲೆ ಹಸಿರು ಬೋರ್ಡು, ಓಡ್ತಿರೋ ಮನುಷ್ಯನ ಚಿತ್ರ, ಒಳಗೆ ಲೈಟ್ ಬೇರೆ ಉರೀತಿದೆ, ಅದರ ಕೆಳಗೇ ಬೀಗ ತೂಗಾಡ್ತಿದೆ. ಬೀಗದ ಕೈ ಸೆಕ್ಯೂರಿಟಿಯವರ ಹತ್ರ, ಅವರು ಕೂರೋದು ಕೆಳಗೆ ರಿಸೆಪ್ಶನ್‌ನಲ್ಲಿ. ಮೆಟ್ಟಿಲ ಮೇಲೂ ಹಳೇ ಕುರ್ಚಿ, ಮಾನಿಟರ್ ಬಂದಿದ್ದ ಖಾಲಿ ಕಾರ್ಟನ್‌ಗಳು ರಾಶಿ ಬಿದ್ದಿದಾವೆ.

ಮುಂದಿನ ಬಾಗಿಲು ಕಾರ್ಡ್ ತೋರಿಸಿದ್ರೆ ಮಾತ್ರ ತೆಗಿಯೋದು. ಒಂದಿನ ಕರೆಂಟ್ ಹೋದಾಗ ಕಾರ್ಡ್ ರೀಡರ್ ಸತ್ತೇಹೋಯ್ತು, ಹತ್ತು ನಿಮಿಷ ಗಾಜಿನ ಬಾಗಿಲು ಬಡೀತಾ ನಿಂತಿದ್ವಿ. ಆಗ ಎಲ್ರೂ ನಕ್ಕಿದ್ದೇ ನಕ್ಕಿದ್ದು. ನಂಗ್ಯಾಕೋ ಅವತ್ತಿಂದ ನಗು ಬರ್ತಿಲ್ಲ.

ಟಿಎಲ್‌ಗೆ, ಅಂದ್ರೆ ಟೀಮ್ ಲೀಡರ್‌ಗೆ, ಬಾಯಲ್ಲಿ ಹೇಳ್ದೆ. "ನಿನ್ನ ಕೆಲಸ ನೀನು ನೋಡ್ಕೋ, ಲ್ಯಾಪ್‌ಟಾಪ್ ಹೋದ್ರೆ ನೀನು ಕಟ್ಕೊಡ್ತೀಯಾ" ಅಂದ್ರು. ನಾನು ಕಂಪನಿ ಪೇರೋಲ್ ಅಲ್ಲ, ಏಜೆನ್ಸಿ ಕಡೆಯಿಂದ ಬಂದಿರೋನು, ಇನ್ನೆರಡು ತಿಂಗಳಿಗೆ ಕಾಂಟ್ರಾಕ್ಟ್ ರಿನ್ಯೂವಲ್ ಇದೆ. ಮೇಲ್ ಹಾಕೋದಾ, ಸುಮ್ನೆ ಇರೋದಾ? ಹಾಕೋದಾದ್ರೆ ಯಾರಿಗೆ?

ಮೂಲೆ_ಡೆಸ್ಕ್

ಬ್ರೋ, ರಿನ್ಯೂವಲ್ ಆಗೋ ತನಕ ಬಾಯಿ ಮುಚ್ಕೊಂಡಿರಿ. ನಮ್ಮಲ್ಲಿ ಒಬ್ಬ ಎಸಿ ನೀರು ಸೋರಿ ಸ್ವಿಚ್ ಬೋರ್ಡ್ ಮೇಲೆ ಬೀಳ್ತಿದೆ ಅಂತ ಎಲ್ರನ್ನೂ ಸಿಸಿಲಿ ಇಟ್ಟು ಮೇಲ್ ಹಾಕ್ದ. ಎಸಿ ರಿಪೇರಿ ಆಯ್ತು, ಮೂರು ತಿಂಗಳಿಗೆ ಅವನೂ ಹೋದ. ಕಾರಣ ಕೇಳಿದ್ರೆ ಬಜೆಟ್ ಇಲ್ಲ ಅಂದ್ರು. ನಾನು ಹೆದರಿಸ್ತಿಲ್ಲ, ನಡೆದಿದ್ದು ಹೇಳ್ದೆ ಅಷ್ಟೇ.

ಹಳೇ_ಅಡ್ಮಿನ್

ಮೇಲಿನವರು ಹೇಳಿದ್ದು ಸುಳ್ಳಲ್ಲ, ಆದ್ರೆ ನಾನು ಒಪ್ಪಲ್ಲ. ಹದಿನೈದು ವರ್ಷ ಅಡ್ಮಿನ್, ಫೆಸಿಲಿಟಿ ಕೆಲಸ ಮಾಡಿದೀನಿ, ಒಂದು ಕಾಲದಲ್ಲಿ ನಾನೇ ಇಂಥ ಬಾಗಿಲಿಗೆ ಬೀಗ ಹಾಕ್ಸಿದ್ದೆ, ಇದೇ ಕಾರಣಕ್ಕೆ, ಕಳ್ಳತನ. ನಾಲ್ಕು ದಿನಕ್ಕೆ ಫೈರ್ ಡ್ರಿಲ್ ಬಂತು, ಬೀಗದ ಕೈ ಇಟ್ಕೊಂಡಿದ್ದ ಗಾರ್ಡು ಅವತ್ತು ರಜೆ. ನಲವತ್ತು ಸೆಕೆಂಡ್ ಆ ಬಾಗಿಲ ಮುಂದೆ ಜನ ಒಬ್ಬರ ಮೇಲೊಬ್ಬರು ಒತ್ಕೊಂಡು ನಿಂತಿದ್ದು ಈಗ್ಲೂ ಕಣ್ಮುಂದೆ ಇದೆ, ಅದೂ ಬರೀ ಡ್ರಿಲ್, ಹೊಗೆ ಇಲ್ಲ ಬೆಂಕಿ ಇಲ್ಲ. ಅವತ್ತೇ ಸಂಜೆ ನಾನೇ ಚೈನ್ ಕಟ್ ಮಾಡ್ಸಿದೆ.

1911ರ ಮಾರ್ಚ್ 25, ನ್ಯೂಯಾರ್ಕ್‌ನ ಟ್ರಯಾಂಗಲ್ ಬಟ್ಟೆ ಕಾರ್ಖಾನೆ ಬೆಂಕಿ ಬಗ್ಗೆ ಒಂದ್ಸಲ ಓದಿ. ಎಂಟನೇ ಮಹಡೀಲಿ ಬೆಂಕಿ ಹತ್ತಿಕೊಂಡಿದ್ದು. ಹತ್ತನೇ ಮಹಡೀಲಿ ಆಫೀಸ್ ಇತ್ತು, ಅಲ್ಲಿಗೆ ಫೋನ್ ಹೋಯ್ತು, ಅಲ್ಲಿದ್ದವರು ಹೆಚ್ಚೂಕಮ್ಮಿ ಎಲ್ಲರೂ ಟೆರೇಸ್ ಹತ್ತಿ ಬಚಾವಾದ್ರು. ಮಧ್ಯದ ಒಂಬತ್ತನೇ ಮಹಡಿಗೆ ಯಾರೂ ಹೇಳಲೇ ಇಲ್ಲ, ಅಲ್ಲಿ ಒಂದು ಕಡೆ ಮೆಟ್ಟಿಲ ಬಾಗಿಲಿಗೆ ಬೀಗ ಬೇರೆ. ಯಾಕೆ ಅಂದ್ರೆ ಹುಡುಗೀರು ಬಟ್ಟೆ ಕದ್ದುಕೊಂಡು ಹೋಗಬಾರ್ದು, ಒಂದೇ ಬಾಗಿಲಲ್ಲಿ ಹೋಗ್ಲಿ, ಬ್ಯಾಗ್ ಚೆಕ್ ಮಾಡೋಣ ಅಂತ. ಸತ್ತೋರು 146 ಜನ. ಮಾಲೀಕರಿಬ್ಬರು ಕೋರ್ಟಲ್ಲಿ ಖುಲಾಸೆ ಆದ್ರು. ಅವರಲ್ಲೊಬ್ಬ 1913ರಲ್ಲಿ ಇನ್ನೊಂದು ಕಾರ್ಖಾನೇಲಿ ಮತ್ತೆ ಬಾಗಿಲಿಗೆ ಬೀಗ ಹಾಕಿ ಸಿಕ್ಕಿಬಿದ್ದ, ದಂಡ ಬರೀ 20 ಡಾಲರ್. ನಿಮ್ಮ ಟಿಎಲ್ ಹೇಳಿದ ಮಾತು ನೂರು ವರ್ಷಕ್ಕಿಂತ ಹಳೇದು.

ಈಗ ಕೆಲಸಕ್ಕೆ ಬರೋ ಮಾತು. ಅಡ್ಮಿನ್ ಹತ್ರ ಹೋಗಿ "ಬೀಗ ತೆಗೀರಿ" ಅಂತಷ್ಟೇ ಅಂದ್ರೆ ಅವರ ತಲೇಲಿ ಓಡೋದು "ಮತ್ತೆ ಲ್ಯಾಪ್‌ಟಾಪ್ ಹೋದ್ರೆ ಬಾಸ್ ನನ್ನ ಹಿಡ್ಕೋತಾರೆ" ಅಂತ, ಅದಕ್ಕೇ ಬೀಗದ ಬದಲು ಏನು ಹಾಕಬಹುದು ಅಂತಾನೂ ನೀವೇ ಹೇಳಿ. ಒಳಗಿಂದ ತಳ್ಳಿದ್ರೆ ತೆಗಿಯೋ ಪುಶ್ ಬಾರ್ ಇರುತ್ತೆ, ಅದಕ್ಕೆ ಸೈರನ್ ಸೇರಿಸಿದ್ರೆ ಬಾಗಿಲು ತೆಗೆದ ತಕ್ಷಣ ಫ್ಲೋರ್ ಪೂರ್ತಿ ಕೇಳ್ಸುತ್ತೆ, ಯಾವ ಕಳ್ಳ ಸದ್ದಿಲ್ದೆ ಹೋಗ್ತಾನೆ? ಹೊರಗಿಂದ ಹಿಡಿನೇ ಬೇಡ. ಬಾಗಿಲ ಮೇಲೊಂದು ಕ್ಯಾಮೆರಾ ಹಾಕಿ. ಲ್ಯಾಪ್‌ಟಾಪ್‌ಗೆ ಕೇಬಲ್ ಲಾಕ್, ಇಲ್ಲಾ ಶಿಫ್ಟ್ ಮುಗಿದ್ಮೇಲೆ ಲಾಕರ್. ಬೀಗ ಹಾಕ್ಬೇಕಾಗಿರೋದು ಲ್ಯಾಪ್‌ಟಾಪ್‌ಗೆ ಸ್ವಾಮಿ, ಮನುಷ್ಯರಿಗಲ್ಲ.

ನಂಗೆ ಹಿಂದಿನ ಬಾಗಿಲಿಗಿಂತ ನಿಮ್ಮ ಮುಂದಿನ ಬಾಗಿಲೇ ಜಾಸ್ತಿ ಭಯ ಆಗ್ತಿದೆ. ಅದು ಮ್ಯಾಗ್ನೆಟ್ ಲಾಕ್ ಅನ್ಸುತ್ತೆ, ಅಂದ್ರೆ ಕರೆಂಟ್ ಇರೋ ತನಕ ಬಾಗಿಲನ್ನ ಹಿಡ್ಕೊಂಡಿರೋ ಅಯಸ್ಕಾಂತದ ಬೀಗ. ಕರೆಂಟ್ ಹೋದ್ರೆ ಅಥವಾ ಫೈರ್ ಅಲಾರಂ ಹೊಡೆದ್ರೆ ಮ್ಯಾಗ್ನೆಟ್ ತಾನಾಗೇ ಬಿಟ್ಕೊಂಡು ಬಾಗಿಲು ತೆಗೀಬೇಕು. ನಿಮ್ಮಲ್ಲಿ ತೆಗೀಲಿಲ್ಲ ಅಂದ್ರೆ ಲಾಕ್‌ಗೆ ಬ್ಯಾಟರಿ ಕೊಟ್ಟು ರೀಡರ್‌ಗೆ ಕೊಟ್ಟಿಲ್ಲ ಅನ್ಸುತ್ತೆ, ಮಾಡಿದವನಿಗೆ ದೊಡ್ಡ ನಮಸ್ಕಾರ. ಬಾಗಿಲ ಪಕ್ಕ ಒಳಗಡೆ ಹಸಿರು ಡಬ್ಬಿ ಇದ್ಯಾ ನೋಡಿ, ಒತ್ತಿದ್ರೆ ಲಾಕ್‌ಗೆ ಹೋಗೋ ಕರೆಂಟ್ ಕಟ್ ಆಗುತ್ತೆ. ಇಲ್ಲಾಂದ್ರೆ ಮೇಲ್‌ನಲ್ಲಿ ಅದನ್ನೇ ಮೊದಲು ಬರೀರಿ.

ಓದೋ_ಹುಳ

ಕಾನೂನಿನ ಕಡೆಯಿಂದ ನಾಲ್ಕು ಮಾತು ಹೇಳ್ತೀನಿ. ಒಂದೊಂದು ದೇಶದಲ್ಲಿ ಒಂದೊಂದು ಥರ ಇರುತ್ತೆ, ಆದ್ರೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅದೇ ಐಎಲ್‌ಒ, ಅದರ 155ನೇ ಒಪ್ಪಂದ 1981ರದ್ದು, ಕೆಲಸದ ಜಾಗದ ಸುರಕ್ಷತೆಗೇ ಅಂತ ಇರೋದು. ಜೀವಕ್ಕೆ ತಕ್ಷಣದ ಗಂಭೀರ ಅಪಾಯ ಇದೆ ಅಂತ ಸರಿಯಾದ ಕಾರಣ ಇದ್ದು ಕೆಲಸಗಾರ ಜಾಗ ಬಿಟ್ಟು ಹೊರಗೆ ಬಂದ್ರೆ ಅವನಿಗೆ ತೊಂದರೆ ಕೊಡಬಾರ್ದು ಅಂತ ಅದರ 13ನೇ ಕಲಂ ಹೇಳುತ್ತೆ. ಬೀಗ ಕಂಡ ತಕ್ಷಣ ಎದ್ದು ಮನೆಗೆ ಹೋಗಿ ಅಂತ ಇದರರ್ಥ ಅಲ್ಲ, ಸೀಟ್ ಬಿಟ್ಟು ಹೋಗೋ ಮುಂಚೆ ಬರವಣಿಗೇಲಿ ತಿಳಿಸಿ. ಸುರಕ್ಷತೆ ವ್ಯವಸ್ಥೆಯ ಖರ್ಚು ಕೆಲಸಗಾರರ ಮೇಲೆ ಬೀಳಬಾರ್ದು ಅಂತ 21ನೇ ಕಲಂ. ನಿಮಗೆ ಮುಖ್ಯವಾಗಿ ಬೇಕಾಗಿರೋದು 17ನೇದು, ಒಂದೇ ಜಾಗದಲ್ಲಿ ಎರಡು ಸಂಸ್ಥೆ ಕೆಲಸ ಮಾಡಿಸ್ತಿದ್ರೆ ಸುರಕ್ಷತೆ ವಿಷಯದಲ್ಲಿ ಇಬ್ಬರೂ ಕೂಡಿ ನಡೀಬೇಕು. ಅಂದ್ರೆ ಏಜೆನ್ಸಿಯವರು "ಅದು ಕ್ಲೈಂಟ್ ಬಿಲ್ಡಿಂಗು, ನಮಗೇನು" ಅಂತ ಕೈ ತೊಳ್ಕೊಳ್ಳಕ್ಕೆ ಆಗಲ್ಲ. 2022ರ ಜೂನ್‌ನಲ್ಲಿ ಸುರಕ್ಷಿತ ಕೆಲಸದ ವಾತಾವರಣಾನ ಐಎಲ್‌ಒ ಮೂಲಭೂತ ಹಕ್ಕುಗಳ ಪಟ್ಟಿಗೆ ಸೇರಿಸಿದೆ, ಸಹಿ ಹಾಕದ ಸದಸ್ಯ ದೇಶಗಳೂ ಆ ತತ್ವಾನ ಗೌರವಿಸಲೇಬೇಕು.

ಕೆಲಸ ಹೋಗೋ ವಿಷಯಕ್ಕೆ 1982ರ 158ನೇ ಒಪ್ಪಂದ ಇದೆ, ಕಾನೂನು ಮುರಿದಿದಾರೆ ಅಂತ ಮಾಲೀಕರ ಮೇಲೆ ದೂರು ಕೊಟ್ಟಿದ್ದು ಕೆಲಸದಿಂದ ತೆಗಿಯೋಕೆ ಕಾರಣ ಆಗಬಾರ್ದು ಅಂತ. ಇದನ್ನ ಒಪ್ಪಿಕೊಂಡಿರೋ ದೇಶಗಳು ಕಮ್ಮಿ, ಮೇಲಾಗಿ ಕಾಂಟ್ರಾಕ್ಟ್ ಮುಗೀತು ಅಂತ ಸುಮ್ನೆ ಬಿಟ್ಟುಬಿಟ್ರೆ ಸಾಬೀತು ಮಾಡೋದೂ ಕಷ್ಟ. ಮೂಲೆ_ಡೆಸ್ಕ್ ಹೇಳಿದ ಕಥೆ ಆಗೋದೇ ಹಿಂಗೆ. ಅದಕ್ಕೇ ತಾರೀಖು ಮುಖ್ಯ: ರಿನ್ಯೂವಲ್‌ಗಿಂತ ಮುಂಚೆ, ಇವತ್ತೇ ಹಾಕಿ, ದೂರು ಮೊದಲು ಬಂತು ಅನ್ನೋದು ಕಾಗದದಲ್ಲಿ ಇರ್ಲಿ.

ಕೆಂಪ್_ಪೆನ್ನು

ಒಬ್ಬರ ಹೆಸರಿನ್ಯಾಗ ಹಾಕಬ್ಯಾಡ್ರಿ. ನಮ್ಮ ಫ್ಲೋರಿನ್ಯಾಗ ಎಂಟ್ ಮಂದಿ ಕೂಡಿ ಸಹಿ ಮಾಡಿ ಕೊಟ್ಟಿದ್ವಿ, ಯಾರ್ನ ಅಂತ ತಗಿತಾರ? ಫೋಟೋ ಹಚ್ಚ್ರಿ, ತಾರೀಖ್ ಕಾಣ್ಬೇಕು. ಮತ್ತ ಮೇಲ್‌ನ್ಯಾಗ ಟಿಎಲ್ ಹಂಗಂದ್ರು ಹಿಂಗಂದ್ರು ಅಂತ ಬರೀಬ್ಯಾಡ್ರಿ, ಬರೀ ಬಾಗಿಲದ್ದ ಬರೀರಿ. ಟಿಎಲ್ ಜಗಳ ಆದ್ರ ಬಾಗಿಲ ಮರತ ಹೊಕ್ಕೈತಿ.

ನೈಟ್‌ಶಿಫ್ಟ್_ಗೂಬೆ

ಎಲ್ರಿಗೂ ಥ್ಯಾಂಕ್ಸ್. ಅಪ್‌ಡೇಟ್: ಆರು ಜನ ಸೇರಿ ಅಡ್ಮಿನ್‌ಗೆ ಹಾಕಿದ್ವಿ, ಎಚ್‌ಆರ್ ಮತ್ತೆ ಏಜೆನ್ಸಿ ಸಿಸಿ, ಮುಂದಿನ ಬಾಗಿಲು ಮೊದಲು, ಹಿಂದಿನದು ಆಮೇಲೆ, ಪುಶ್ ಬಾರ್ ವಿಷಯಾನೂ ಬರೆದೆ. ಹಸಿರು ಡಬ್ಬಿ ಇತ್ತು ಸರ್, ಒತ್ತಿ ನೋಡಿದ್ರೆ ಏನೂ ಆಗ್ಲಿಲ್ಲ, ವೈರೇ ಕೊಟ್ಟಿಲ್ಲ! ಅದನ್ನೂ ಹಾಕ್ದೆ.

ಎರಡು ದಿನ ಉಸಿರೇ ಇಲ್ಲ. ಮೂರನೇ ದಿನ ಅಡ್ಮಿನ್‌ನವರೇ ಮೇಲೆ ಬಂದು ಚೈನ್ ಬಿಚ್ಚಿಸಿದ್ರು, ಡಬ್ಬಿಗೆ ಎಲೆಕ್ಟ್ರಿಷಿಯನ್ ಬರ್ತಾನಂತೆ. ಟಿಎಲ್ ನನ್ನ ಹತ್ರ ಮಾತಾಡ್ತಿಲ್ಲ, ರಿನ್ಯೂವಲ್ ಕಥೆ ಇನ್ನೂ ಏನೂ ಗೊತ್ತಿಲ್ಲ. ಮೆಟ್ಟಿಲ ಮೇಲಿನ ಕಾರ್ಟನ್‌ಗಳು ಇನ್ನೂ ಅಲ್ಲೇ ಬಿದ್ದಿದಾವೆ, ಇವತ್ತು ಬರೋವಾಗ ಅದರದ್ದೂ ಫೋಟೋ ತೆಗ್ದೆ.