ಟೋಟಲ್ ಕೊಲೆಸ್ಟ್ರಾಲ್ 186, ಆದರೂ ಮೆಟಬಾಲಿಕ್ ಸಿಂಡ್ರೋಮ್ ಅಂದರು. ನಿಮಗೂ ಹೀಗಾಗಿದೆಯಾ?

ವಿಜಯನಗರದಿಂದ, 43 ವರ್ಷ:
ಮನೆ ವಿಜಯನಗರ, ಆಫೀಸು ಮಾರತ್ತಹಳ್ಳಿ. ಹೋಗಿ ಬರುವುದರಲ್ಲೇ ದಿನಕ್ಕೆ ಮೂರು ಗಂಟೆ ಹೋಗುತ್ತದೆ. ಮೊನ್ನೆ ಕಂಪನಿ ಹೆಲ್ತ್ ಚೆಕಪ್ ರಿಪೋರ್ಟ್ ಬಂತು. ಟೋಟಲ್ ಕೊಲೆಸ್ಟ್ರಾಲ್ 186, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 105, ಒಳ್ಳೆಯದು ಅನ್ನುವ ಎಚ್‌ಡಿಎಲ್ 33, ರಕ್ತದಲ್ಲಿ ಓಡಾಡುವ ಕೊಬ್ಬು ಅಂದರೆ ಟ್ರೈಗ್ಲಿಸರೈಡ್ 238. ಖಾಲಿ ಹೊಟ್ಟೆ ಶುಗರ್ 108, ಬಿಪಿ 134/86. ಟೋಟಲ್ 200ರ ಒಳಗೇ ಇದೆಯಲ್ಲ ಅಂತ ನಾನು ಆರಾಮಾಗಿದ್ದೆ. ಡಾಕ್ಟರು ಮಾತ್ರ ಚೀಟಿಯಲ್ಲಿ ಮೆಟಬಾಲಿಕ್ ಸಿಂಡ್ರೋಮ್ ಅಂತ ಬರೆದು, ತೂಕ ಇಳಿಸಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಹೊರಗೆ ಜನ ಕಾಯುತ್ತಿದ್ದರು, ಜಾಸ್ತಿ ಕೇಳಲು ಸಂಕೋಚವಾಯಿತು. ಕುಡಿಯಲ್ಲ, ಸೇದಲ್ಲ, ಮೊಟ್ಟೆಯೂ ಮುಟ್ಟಲ್ಲ. ಕೊಲೆಸ್ಟ್ರಾಲ್ ಸರಿಯಿದ್ದ ಮೇಲೆ ಇದೇನು? ಅನುಭವ ಇದ್ದವರು ಹೇಳಿ.

ಮಲ್ಲೇಶ್ವರದಿಂದ, 54 ವರ್ಷ:
ಎರಡು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಕೇಳಿದ್ದೆ. ಮೆಟಬಾಲಿಕ್ ಸಿಂಡ್ರೋಮ್ ಅಂದರೆ ಹಾರ್ಟ್ ಮತ್ತು ಶುಗರ್ ಕಾಯಿಲೆಯ ಅಪಾಯ ಏರಿಸುವ ತೊಂದರೆಗಳು ಒಟ್ಟಿಗೆ ಬರುವುದು. ಅದಕ್ಕೆ ಐದು ವಿಷಯ ನೋಡುತ್ತಾರೆ. ಸೊಂಟದ ಸುತ್ತಳತೆ ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಅಥವಾ ಅದಕ್ಕಿಂತ ಜಾಸ್ತಿ. ಟ್ರೈಗ್ಲಿಸರೈಡ್ 150 ಅಥವಾ ಮೇಲೆ. ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಮ್ಮಿ. ಬಿಪಿ 130/85ರಿಂದ ಮೇಲೆ, ಎರಡರಲ್ಲಿ ಒಂದು ದಾಟಿದರೂ ಸಾಕು. ಖಾಲಿ ಹೊಟ್ಟೆ ಶುಗರ್ 100ರಿಂದ ಮೇಲೆ. ಐದರಲ್ಲಿ ಯಾವುದಾದರೂ ಮೂರಿದ್ದರೆ ಆಯಿತು. ಟೋಟಲ್ ಕೊಲೆಸ್ಟ್ರಾಲ್ ಈ ಪಟ್ಟಿಯಲ್ಲೇ ಇಲ್ಲ, ಎಲ್‌ಡಿಎಲ್ಲೂ ಇಲ್ಲ! ಸೊಂಟ ಅಳೆಯುವ ಮೊದಲೇ ನಿಮ್ಮದು ನಾಲ್ಕಾಯಿತು.

ಸೀರೆ ಉಡುವವರಿಗೆ ಹೊಟ್ಟೆ ಬಂದದ್ದು ಬೇಗ ಗೊತ್ತಾಗಲ್ಲ. ಪ್ಯಾಂಟಾದರೆ ಗುಂಡಿಯೇ ಹೇಳುತ್ತದೆ. ನನ್ನ ಲಂಗದ ಲಾಡಿ ಗಂಟು ಹಾಕಿದ ಮೇಲೆ ಉಳಿಯುವ ತುದಿ ವರ್ಷ ವರ್ಷಕ್ಕೂ ಗಿಡ್ಡವಾಗುತ್ತಿತ್ತು. ಒಗೆದು ಒಗೆದು ಕುಗ್ಗಿದೆ ಅಂದುಕೊಂಡಿದ್ದೆ. ರವಿಕೆ ಹೊಲಿಯುವವಳ ಟೇಪು ಇಸಕೊಂಡು ಅಳೆದಾಗ 93! ನೀವೂ ಅಳೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ.

ರಾಜಾಜಿನಗರದಿಂದ, ಲ್ಯಾಬಿನಲ್ಲಿ ಕೆಲಸ:
ಟೋಟಲ್ ಅನ್ನುವುದು ಕಿರಾಣಿ ಅಂಗಡಿ ಚೀಟಿಯ ಕೊನೆಯ ಸಾಲಿದ್ದ ಹಾಗೆ. ಒಳಗೆ ಏನೇನು ಇದೆ ಅಂತ ಹೇಳಲ್ಲ. ಒಳ್ಳೆಯ ಎಚ್‌ಡಿಎಲ್ ಕಮ್ಮಿಯಾದರೆ ಟೋಟಲ್ಲೂ ಕಮ್ಮಿಯಾಗಿ ಚೆನ್ನಾಗೇ ಕಾಣುತ್ತದೆ. ನಿಮ್ಮದು ಹಾಗೇ ಆಗಿದೆ. 186ರಲ್ಲಿ 33 ಕಳೆಯಿರಿ, 153 ಬರುತ್ತದೆ. ಇದಕ್ಕೆ ನಾನ್ ಎಚ್‌ಡಿಎಲ್ ಅನ್ನುತ್ತಾರೆ. ಎಲ್‌ಡಿಎಲ್‌ಗೆ ಇಟ್ಟುಕೊಂಡ ಗುರಿಗಿಂತ 30 ಜಾಸ್ತಿವರೆಗೆ ಇದು ಇರಬಹುದು ಅಂತ ಲೆಕ್ಕ. ಎಲ್‌ಡಿಎಲ್ ಗುರಿ 100 ಆದರೆ ಇದು 130ರ ಒಳಗೆ ಇರಬೇಕಿತ್ತು. ಟ್ರೈಗ್ಲಿಸರೈಡ್ ಜಾಸ್ತಿ ಇರುವವರು ಟೋಟಲ್ ಬಿಟ್ಟು ಇದನ್ನು ನೋಡುವುದು ಒಳ್ಳೆಯದು.

ಇನ್ನೊಂದು ವಿಷಯ. ತುಂಬಾ ಕಡೆ ಎಲ್‌ಡಿಎಲ್ ನೇರವಾಗಿ ಅಳೆಯಲ್ಲ. ಟೋಟಲ್‌ನಲ್ಲಿ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ನಿಮ್ಮ 105 ಹಾಗೆ ಬಂದದ್ದೇ, ಕೂಡಿ ಕಳೆದು ನೋಡಿ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬೋ ಹಾಗಿಲ್ಲ. ಅಂಥವರ ಸೀರಂ ಕೆಲವೊಮ್ಮೆ ಟ್ಯೂಬಿನಲ್ಲೇ ಮಸುಕಾಗಿ, ಹಾಲು ತೊಳೆದ ನೀರಿನ ಹಾಗೆ ಕಾಣುತ್ತದೆ. ಭಾನುವಾರ ರಾತ್ರಿ ಗುಂಡು ಹಾಕಿ ಸೋಮವಾರ ಬೆಳಿಗ್ಗೆ ರಕ್ತ ಕೊಡೋರೂ ಇದ್ದಾರೆ. ಅವರ ನಂಬರು ಏರಿಯೇ ಏರುತ್ತದೆ, ಆಮೇಲೆ ಲ್ಯಾಬ್ ಸರಿ ಇಲ್ಲ ಅಂತ ನಮಗೇ ಬೈತಾರೆ.

ಜೆ.ಪಿ. ನಗರದಿಂದ, 47 ವರ್ಷ:
ನಾನು ಮಾಡಿದ ಪೆದ್ದು ಕೆಲಸ ಕೇಳಿ. ರಿಪೋರ್ಟಿನಲ್ಲಿ ಕೊಬ್ಬು ಅಂತ ಓದಿದ್ದೇ ತಡ, ತುಪ್ಪ ಬಿಟ್ಟೆ, ಒಗ್ಗರಣೆಗೆ ಎಣ್ಣೆ ಕಮ್ಮಿ ಮಾಡಿಸಿದೆ. ಹಸಿವಾಗುತ್ತಲ್ಲ? ಅದಕ್ಕೆ ಅನ್ನ ಜಾಸ್ತಿ ಬಡಿಸಿಕೊಂಡೆ. ಜೊತೆಗೆ ಮಾರಿ ಬಿಸ್ಕತ್ತು, ಎಣ್ಣೆ ಇಲ್ಲ ಅಂತ. ನಾಲ್ಕು ತಿಂಗಳಾದ ಮೇಲೆ ಟ್ರೈಗ್ಲಿಸರೈಡ್ 260 ಇದ್ದದ್ದು 312 ಆಯಿತು.

ಆಮೇಲೆ ಒಬ್ಬ ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಹೊಟ್ಟೆಯ ಸುತ್ತ ಕೊಬ್ಬು ತುಂಬಿದಾಗ ಮೈ ಇನ್ಸುಲಿನ್ ಮಾತು ಕೇಳುವುದನ್ನು ಕಮ್ಮಿ ಮಾಡುತ್ತದೆ. ಆಗ ಆ ಕೊಬ್ಬು ಸೋರಿ ಲಿವರ್‌ಗೆ ಹೋಗುತ್ತದೆ. ಜಾಸ್ತಿಯಾದ ಅನ್ನ, ಸಕ್ಕರೆಯನ್ನೂ ಲಿವರ್ ಕೊಬ್ಬಾಗಿಯೇ ಮಾಡುತ್ತದೆ. ಎಲ್ಲ ಸೇರಿಸಿ ಟ್ರೈಗ್ಲಿಸರೈಡ್ ಪೊಟ್ಟಣ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಈ ಪೊಟ್ಟಣಗಳು ಎಚ್‌ಡಿಎಲ್‌ಗೆ ಕೊಬ್ಬು ಕೊಟ್ಟು ಅದರಿಂದ ಕೊಲೆಸ್ಟ್ರಾಲ್ ಈಸಿಕೊಳ್ಳುತ್ತವೆ. ಹಾಗೆ ಕೊಬ್ಬು ತುಂಬಿದ ಎಚ್‌ಡಿಎಲ್ ಬೇಗ ಖಾಲಿಯಾಗುತ್ತದೆ. ಅದಕ್ಕೇ ಒಂದು ಏರಿದರೆ ಇನ್ನೊಂದು ಇಳಿಯುವುದು. ಎಲ್‌ಡಿಎಲ್ ನಂಬರು ಅಷ್ಟೇ ಇದ್ದರೂ ಕಣಗಳು ಸಣ್ಣವಾಗಿ, ಲೆಕ್ಕದಲ್ಲಿ ಜಾಸ್ತಿಯಾಗುತ್ತವೆ. ಅಮೆರಿಕದ ಜೆರಾಲ್ಡ್ ರೀವನ್ ಅನ್ನೋ ಡಾಕ್ಟರು 1988ರಲ್ಲೇ ಇವೆಲ್ಲ ಒಟ್ಟೊಟ್ಟಿಗೆ ಬರುತ್ತವೆ ಅಂತ ಹೇಳಿ, ಸಿಂಡ್ರೋಮ್ ಎಕ್ಸ್ ಅಂತ ಹೆಸರಿಟ್ಟಿದ್ದರಂತೆ. ನನಗೆ ಅಲ್ಟ್ರಾಸೌಂಡ್‌ನಲ್ಲಿ ಫ್ಯಾಟಿ ಲಿವರ್ ಕೂಡ ಸಿಕ್ಕಿತು. ಕುಡಿಯದವನಿಗೆ ಲಿವರ್ ತೊಂದರೆಯಾ ಅಂತ ಹೆಂಡತಿ ನನ್ನನ್ನೇ ಅನುಮಾನದಿಂದ ನೋಡಿದಳು.

ಬದಲಾಯಿಸಿದ್ದು ತುಂಬಾ ಏನಲ್ಲ. ದಿನಕ್ಕೆ ಐದು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಇತ್ತು. ಈಗ ಎರಡೇ ಕಾಫಿ, ಸಕ್ಕರೆ ಇಲ್ಲ. ಮೊದಲ ವಾರ ಕಷಾಯ ಕುಡಿದ ಹಾಗಿತ್ತು. ಆಫೀಸಿನ ಹತ್ತಿರದ ದರ್ಶಿನಿಯಲ್ಲಿ ಚೌಚೌ ಬಾತ್ ನಿಂತಿತು. ತಟ್ಟೆಯಲ್ಲಿ ಮೊದಲು ಪಲ್ಯ, ಹೆಸರುಕಾಳು ಉಸ್ಲಿ, ಆಮೇಲೆ ಒಂದೇ ಸೌಟು ಅನ್ನ. ಮುದ್ದೆಗೆ ಬದಲಾಯಿಸಿದರೆ ಸಾಕು ಅನ್ನುವವರಿದ್ದಾರೆ. ರಾಗಿ ಒಳ್ಳೆಯದೇ, ಆದರೆ ಕ್ರಿಕೆಟ್ ಬಾಲ್ ಗಾತ್ರದ ಮುದ್ದೆ ಎರಡು ನುಂಗಿದರೆ ಅದೂ ಪಿಷ್ಟವೇ ಅಲ್ವಾ? ಸಂಜೆ ಟ್ರಾಫಿಕ್‌ನಲ್ಲಿ ಕೂರುವ ಬದಲು ಮೆಟ್ರೋ ಹಿಡಿದು, ಸ್ಟೇಷನ್‌ನಿಂದ ಮನೆಗೆ ಇಪ್ಪತ್ತೈದು ನಿಮಿಷ ನಡೆದೆ. ಐದು ತಿಂಗಳಲ್ಲಿ ತೂಕ 82ರಿಂದ 76, ಟ್ರೈಗ್ಲಿಸರೈಡ್ 171, ಶುಗರ್ 111ರಿಂದ 98. ಎಚ್‌ಡಿಎಲ್ ಮಾತ್ರ 34ರಿಂದ 37. ಅದು ಆಮೆ, ಬೇಜಾರಾಗಬೇಡಿ.

ಯಲಹಂಕದಿಂದ, 38 ವರ್ಷ:
ನನ್ನದು ನಿಮ್ಮದರ ಉಲ್ಟಾ. ಸೊಂಟ 71, ಬಿಪಿ, ಶುಗರ್, ಟ್ರೈಗ್ಲಿಸರೈಡ್ ಎಲ್ಲ ಸರಿ, ಎಲ್‌ಡಿಎಲ್ 212. ಸಿಂಡ್ರೋಮ್ ಇಲ್ಲ, ಆದರೂ ಮಾತ್ರೆ ಬೇಕೇ ಬೇಕು ಅಂದರು. ಅಪ್ಪನಿಗೆ 44ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ವಂಶದಲ್ಲಿ ಬಂದಿರಬಹುದು ಅಂತ ತಮ್ಮನಿಗೂ ಟೆಸ್ಟ್ ಮಾಡಿಸಿದರು, ಅವನದು 196. ಥೈರಾಯ್ಡ್ ಕಮ್ಮಿಯಿದ್ದರೂ ಎಲ್‌ಡಿಎಲ್ ಏರುತ್ತದಂತೆ, ಅದಕ್ಕೇ ಮೊದಲು ಅದನ್ನೂ ನೋಡಿದರು. ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ನೋಡಿ ಆ ಮಾತ್ರೆ, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್, ನಾಲ್ಕು ತಿಂಗಳು ನಿಲ್ಲಿಸಿದ್ದೆ. 104ಕ್ಕೆ ಇಳಿದದ್ದು ಮತ್ತೆ 205. ಡಾಕ್ಟರು ಬೈಯಲಿಲ್ಲ, ಸುಮ್ನೆ ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟರು. ತೆಳ್ಳಗಿದ್ದೇನೆ ಅಂತ ಟೆಸ್ಟ್ ಬಿಡಬೇಡಿ. ಸಿಂಡ್ರೋಮ್ ಪಟ್ಟಿಯಲ್ಲಿ ಎಲ್‌ಡಿಎಲ್ ಇಲ್ಲ ಅಂದರೆ ಅದು ಮುಖ್ಯ ಅಲ್ಲ ಅಂತಲ್ಲ.

ಗಾಂಧಿ ಬಜಾರ್‌ನಿಂದ, 71 ವರ್ಷ:
ನಮ್ಮ ತಾತ ದಿನಾ ತುಪ್ಪ ತಿಂದು 90 ವರ್ಷ ಬದುಕಿದರು. ಒಂದು ಚಮಚ ತುಪ್ಪಕ್ಕೆ ಇಷ್ಟು ಗಲಾಟೆಯಾ?

ಮಲ್ಲೇಶ್ವರದಿಂದ:
ನಿಮ್ಮ ತಾತ ಗದ್ದೆಗೆ ನಡೆದು ಹೋಗುತ್ತಿದ್ದರೋ, ಕ್ಯಾಬ್‌ನಲ್ಲೋ ಸಾರ್? ತುಪ್ಪ ಜಾಸ್ತಿಯಾದರೆ ಎಲ್‌ಡಿಎಲ್ ಏರುತ್ತದೆ. ಸಕ್ಕರೆ, ಮೈದಾ ಜಾಸ್ತಿಯಾದರೆ ಟ್ರೈಗ್ಲಿಸರೈಡ್. ಮೈಸೂರು ಪಾಕಿನಲ್ಲಿ ಎರಡಕ್ಕೂ ವ್ಯವಸ್ಥೆ ಇದೆ. ಅನ್ನದ ಮೇಲೆ ಒಂದು ಚಮಚ ನಾನೂ ಹಾಕಿಕೊಳ್ಳುತ್ತೇನೆ, ಡಾಕ್ಟರಿಗೆ ಹೇಳಿಯೇ.

ವಿಜಯನಗರದಿಂದ, ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಟೇಪು ತಂದು ಅಳೆದೆ, 97. ಪ್ಯಾಂಟ್ ಸೈಜ್ ಇನ್ನೂ 34 ಇಂಚು ಅಂತ ಜಂಭ ಪಡುತ್ತಿದ್ದೆ. ಬೆಲ್ಟು ಹೊಟ್ಟೆಯ ಕೆಳಗೆ ಕೂರುತ್ತಿದೆ ಅಂತ ಈಗ ಗೊತ್ತಾಯಿತು. ಮುಂದಿನ ಸಲ ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಟೆಸ್ಟ್, ಲಿವರ್ ಸ್ಕ್ಯಾನ್ ಎರಡನ್ನೂ ಕೇಳುತ್ತೇನೆ. ನನ್ನನ್ನು ನೋಡಿ ನಗುತ್ತಿದ್ದ ಹೆಂಡತಿಯ ಕೈಗೂ ಟೇಪು ಕೊಟ್ಟೆ, 84. ನಗು ನಿಂತಿತು. ನಾಳೆ ಬೆಳಿಗ್ಗೆ ಅವಳ ರಕ್ತವೂ ಕೊಡುತ್ತೇವೆ. ರಾತ್ರಿ ಎಂಟಕ್ಕೆ ಊಟ ಮುಗಿಸಿದರೆ ಸಾಕಾ? ಬೆಳಿಗ್ಗೆ ನೀರು ಕುಡಿಯಬಹುದಾ?

ರಾಜಾಜಿನಗರದಿಂದ:
ಸಾಕು. ನೀರು ಕುಡಿಯಲಿ. ಕಾಫಿ ಬೇಡ, ಸಕ್ಕರೆ ಹಾಕದಿದ್ದರೂ.