ತೂಕದ ಆಪರೇಷನ್‌ಗೆ ಮೊದಲು ಮನಸ್ಸಿನ ಪರೀಕ್ಷೆ ಯಾಕೆ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಬೇರಿಯಾಟ್ರಿಕ್ (ತೂಕ ಇಳಿಸುವ ಆಪರೇಷನ್) ತಂಡದ ಜೊತೆ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಇವತ್ತು ಸಂಜೆ 5ರಿಂದ ಉತ್ತರ ಕೊಡುತ್ತಾರೆ. ಆಸ್ಪತ್ರೆ ಹೆಸರು, ಡಾಕ್ಟರ್ ಹೆಸರು ಬರೆಯಬೇಡಿ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ, ದಯವಿಟ್ಟು.

ಹಾಸನದ ಗೃಹಿಣಿ: ಮೇಡಂ, ನನಗೆ 41 ವರ್ಷ, 112 ಕೆಜಿ, 5 ಅಡಿ 3 ಇಂಚು. ಮಂಡಿ ನೋವು, ಮೆಟ್ಟಿಲು ಹತ್ತೋಕೆ ಆಗಲ್ಲ. ಸರ್ಜನ್ ಸ್ಲೀವ್ ಮಾಡೋಣ ಅಂದರು, ಆದರೆ ಮೊದಲು ಸೈಕಾಲಜಿಸ್ಟ್ ಹತ್ತಿರ ಹೋಗಿ ಬನ್ನಿ ಅಂತ ಚೀಟಿ ಕೊಟ್ಟರು. ಅವತ್ತಿಂದ ಅತ್ತೆ ನನ್ನನ್ನು ಒಂಥರಾ ನೋಡ್ತಿದ್ದಾರೆ. ನನಗೇನು ತಲೆ ಕೆಟ್ಟಿದೆಯಾ?

ಸೈಕಾಲಜಿಸ್ಟ್: ಇಲ್ಲಮ್ಮ. ಎಂಡೋಸ್ಕೋಪಿ, ಇಸಿಜಿ, ಥೈರಾಯ್ಡ್, ಬಿ12 ಎಲ್ಲದಕ್ಕೂ ಚೀಟಿ ಕೊಟ್ಟಿರುತ್ತಾರೆ ಅಲ್ವಾ, ಇದೂ ಅದರಲ್ಲಿ ಒಂದು. ಸ್ಲೀವ್‌ನಲ್ಲಿ ಹೊಟ್ಟೆಯ ದೊಡ್ಡ ಭಾಗ ತೆಗೆದುಬಿಡುತ್ತಾರೆ, ಆದರೆ ತಿನ್ನುವ ಅಭ್ಯಾಸ ಹಾಗೇ ಉಳಿಯುತ್ತದೆ. ನಾನು ಸುಮಾರು ಒಂದು ಗಂಟೆ ಮಾತಾಡುತ್ತೇನೆ. ಬೇಜಾರಾದಾಗ ತಿನ್ನುತ್ತೀರಾ, ಹೊಟ್ಟೆ ತುಂಬಿದ ಮೇಲೂ ಕೈ ನಿಲ್ಲದೆ ಯಾರಿಗೂ ಕಾಣದ ಹಾಗೆ ತಿನ್ನುವುದುಂಟಾ, ರಾತ್ರಿ ಎದ್ದು ಡಬ್ಬಿ ತೆಗೆಯುತ್ತೀರಾ, ನಿದ್ದೆ ಹೇಗೆ, ಬದುಕು ಸಾಕು ಅಂತ ಯಾವಾಗಾದರೂ ಅನಿಸಿತ್ತಾ, ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ ಅಂತೆಲ್ಲ ಕೇಳುತ್ತೇನೆ. ಹಬ್ಬದ ದಿನ ಎಲೆ ಮುಂದೆ ಕೂತು ನಾಲ್ಕು ತುತ್ತಿಗೆ ಏಳುತ್ತೀರಿ, ಆಗ ಅತ್ತೆ ಇನ್ನೊಂದು ಒಬ್ಬಟ್ಟು ಹಾಕಿದರೆ ಏನು ಹೇಳುತ್ತೀರಿ ಅಂತ ಖಂಡಿತ ಕೇಳುತ್ತೇನೆ. ಸಾಧ್ಯವಾದರೆ ಅತ್ತೆಯನ್ನೂ ಕರೆದುಕೊಂಡು ಹೋಗಿ, ನಿಜವಾಗಿ ಹೇಳ್ತಿದ್ದೀನಿ.

ಹಾಸನದ ಗೃಹಿಣಿ: ಅಯ್ಯೋ ಅತ್ತೇನಾ 😄

ದಾವಣಗೆರೆ ಬೆಣ್ಣೆ ದೋಸೆ: ಈ ಟೆಸ್ಟ್‌ನಲ್ಲಿ ಫೇಲ್ ಆದರೆ ಆಪರೇಷನ್ ಇಲ್ವಾ ಮೇಡಂ?

ಸೈಕಾಲಜಿಸ್ಟ್: ಪಾಸು ಫೇಲು ಇಲ್ಲ. ಸದ್ಯಕ್ಕೆ ಬೇಡ ಅಂತ ಹೇಳುವುದುಂಟು. ಖಿನ್ನತೆ ತೀವ್ರವಾಗಿದ್ದರೆ, ಸಾಯುವ ಯೋಚನೆ ಇದ್ದರೆ, ಕುಡಿತ ಕೈಮೀರಿದ್ದರೆ, ಅಥವಾ ಇದು ಎಂಥ ಆಪರೇಷನ್ ಅಂತಲೇ ಗೊತ್ತಿಲ್ಲದೆ ಬಂದಿದ್ದರೆ. ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಮತ್ತೆ ನೋಡುತ್ತೇವೆ. ಹೆಚ್ಚಿನವರಿಗೆ ಒಪ್ಪಿಗೆಯೇ ಸಿಗುತ್ತದೆ.

ಐಟಿ ಅಣ್ಣ: 5 ಅಡಿ 4 ಇಂಚು, 94 ಕೆಜಿ, ಶುಗರ್ ಇದೆ ಆದರೆ ಮಾತ್ರೆಯಲ್ಲಿ ಕಂಟ್ರೋಲ್‌ನಲ್ಲಿದೆ. ಸರ್ಜನ್ ಮಾಡಬಹುದು ಅಂತಾರೆ, ಇನ್ಶೂರೆನ್ಸ್ ಕಂಪನಿ ಆಗಲ್ಲ ಅನ್ನುತ್ತೆ. ಯಾರು ಸರಿ?

ಸೈಕಾಲಜಿಸ್ಟ್: ಇಬ್ಬರೂ ಬೇರೆ ಬೇರೆ ಪುಸ್ತಕ ಓದುತ್ತಿದ್ದಾರೆ. ನಮ್ಮಂಥ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಶುಗರ್, ಹೃದಯದ ತೊಂದರೆ ಬರುವುದರಿಂದ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ನಮಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 27.5ರಿಂದಲೇ ಆಪರೇಷನ್ ಬಗ್ಗೆ ಹೇಳಬಹುದು ಅನ್ನುತ್ತದೆ. ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರದ ಷರತ್ತು ಬೇರೆ: 18 ತುಂಬಿರಬೇಕು, ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ಜೊತೆಗೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲುವುದು) ಅಥವಾ ಹತೋಟಿಗೆ ಬಾರದ ಟೈಪ್ 2 ಶುಗರ್ ಇರಬೇಕು. ನಿಮ್ಮದು 35 ದಾಟಿದೆ, ಆದರೆ ಶುಗರ್ ಹತೋಟಿಯಲ್ಲಿದೆ ಅಂದಿರಿ. ತಕರಾರು ಅಲ್ಲೇ.

ಐಟಿ ಅಣ್ಣ: ಹಾಗಾದ್ರೆ ಎರಡು ತಿಂಗಳು ಮಾತ್ರೆ ಬಿಟ್ಟರೆ?

ಸೈಕಾಲಜಿಸ್ಟ್: ಇದನ್ನು ನಾನು ಓದಿಲ್ಲ ಅಂದುಕೊಳ್ಳುತ್ತೇನೆ. ಬಿಡಬೇಡಿ.

ಅನಾಮಿಕ ಸದಸ್ಯೆ: ಮೇಡಂ, ಹೆಸರು ಹಾಕೋಕೆ ಭಯ. ನನ್ನ ತಮ್ಮನಿಗೆ 29 ವರ್ಷ, 138 ಕೆಜಿ. ಇನ್ನು 11 ದಿನಕ್ಕೆ ಬೈಪಾಸ್ ಆಪರೇಷನ್ ಇದೆ, ಹೃದಯದ್ದಲ್ಲ, ಹೊಟ್ಟೆ ಚಿಕ್ಕದು ಮಾಡಿ ಕರುಳಿಗೆ ಜೋಡಿಸೋದು. ನಾಲ್ಕು ವರ್ಷದ ಹಿಂದೆ ಅವನಿಗೆ ನಿದ್ದೆಯೇ ಇಲ್ಲದೆ ಹತ್ತು ದಿನ ಮಾತಾಡಿದ್ದೇ ಮಾತಾಡಿದ್ದು, ಸಾಲ ಮಾಡಿ ಎರಡು ಬೈಕ್ ತಂದ. ಆಮೇಲೆ ಬೈಪೋಲಾರ್, ಅಂದರೆ ಮನಸ್ಸು ತೀರಾ ಏರಿ ಇಳಿಯೋ ಕಾಯಿಲೆ ಅಂತ ಹೇಳಿ ಲಿಥಿಯಂ ಮಾತ್ರೆ ಕೊಟ್ಟರು. ಈಗ ಚೆನ್ನಾಗಿದ್ದಾನೆ, ಮಾತ್ರೆ ನಡೀತಾ ಇದೆ. ಆದರೆ ಮನೆಯಲ್ಲಿ ಹೆಣ್ಣು ನೋಡ್ತಿದ್ದಾರೆ, ಆಸ್ಪತ್ರೆ ಫೈಲಿನಲ್ಲಿ ಇದು ಬರಬಾರದು ಅಂತ ಅಮ್ಮ ಹೇಳಿದ್ದಕ್ಕೆ ಅವನು ಸೈಕಾಲಜಿಸ್ಟ್ ಹತ್ತಿರವೂ ಸರ್ಜನ್ ಹತ್ತಿರವೂ ಯಾವ ಮಾತ್ರೆಯೂ ಇಲ್ಲ ಅಂದಿದ್ದಾನೆ. ಎಲ್ಲ ಟೆಸ್ಟ್ ಓಕೆ ಆಗಿದೆ. ನಿನ್ನೆಯಿಂದ ಬರೀ ಪ್ರೋಟೀನ್ ಪೌಡರ್, ಮಜ್ಜಿಗೆ ಶುರು ಮಾಡಿದ್ದಾನೆ. ಏನಾದರೂ ತೊಂದರೆ ಆಗುತ್ತಾ?

ಸೈಕಾಲಜಿಸ್ಟ್: ಬೇರೆಯವರು ಸ್ವಲ್ಪ ಕಾಯಿರಿ, ಇದಕ್ಕೆ ಮೊದಲು ಬರೆಯುತ್ತೇನೆ.

ನಾನು ಮಾತ್ರೆ ಬರೆಯುವ ಡಾಕ್ಟರ್ ಅಲ್ಲ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಹೌದು, ದೊಡ್ಡ ತೊಂದರೆ ಆಗಬಹುದು, ಅದೂ ಆಪರೇಷನ್‌ಗೆ ಮುಂಚೆಯೇ. ಲಿಥಿಯಂ ಒಂದು ಥರದ ಉಪ್ಪು. ಅದು ದೇಹದಿಂದ ಹೋಗುವುದು ಕಿಡ್ನಿ ಮೂಲಕ. ಊಟದಲ್ಲಿ ಉಪ್ಪು ಕಡಿಮೆಯಾದರೆ, ನೀರು ಕಡಿಮೆಯಾದರೆ, ಕಿಡ್ನಿ ಅದನ್ನು ಹೊರಗೆ ಹಾಕದೆ ಹಿಡಿದುಕೊಳ್ಳುತ್ತದೆ. ಲಿವರ್ ಸಣ್ಣದಾಗಲಿ ಅಂತ ಆಪರೇಷನ್‌ಗೆ ಮುಂಚೆ ಎರಡು ವಾರ ಕೊಡುತ್ತಾರಲ್ಲ, ಆ ಪಥ್ಯದಲ್ಲಿ ಆಗುವುದೇ ಇದು. ಅನ್ನ ಸಾರು ನಿಂತಿತು, ಉಪ್ಪಿನಕಾಯಿ ನಿಂತಿತು. ತೆಗೆದುಕೊಳ್ಳುವ ಮಾತ್ರೆ ಅಷ್ಟೇ, ಆದರೆ ರಕ್ತದಲ್ಲಿ ಮಟ್ಟ ಏರುತ್ತದೆ. ಆಪರೇಷನ್ ಆದ ಮೇಲಿನ ವಾರಗಳು ಇನ್ನೂ ಕಷ್ಟ. ಗುಟುಕು ಗುಟುಕಾಗಿ ನೀರು, ಮಧ್ಯೆ ವಾಂತಿ. ಮಾತ್ರೆ ಹೀರಿಕೊಳ್ಳುವ ರೀತಿಯೂ ಬದಲಾಗುತ್ತದೆ, ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆಯಾದರೆ ಲೆಕ್ಕವೇ ಸಿಗುವುದಿಲ್ಲ. ಈ ಮಾತ್ರೆಯಲ್ಲಿ ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ತೀರಾ ಕಡಿಮೆ. ರಕ್ತದ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಆಸುಪಾಸು ಇಟ್ಟಿರುತ್ತಾರೆ, 1.5 ದಾಟಿದರೆ ಅಪಾಯ. ಆಪರೇಷನ್ ಆದ ಮೇಲೆ ಲಿಥಿಯಂ ಏರಿ ಐಸಿಯು ಸೇರಿದವರ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿದೆ. ಅರಿವಳಿಕೆ ಕೊಡುವವರಿಗೂ ಇದು ಗೊತ್ತಿರಲೇಬೇಕು, ಅವರು ಕೊಡುವ ಕೆಲವು ಔಷಧದ ಪರಿಣಾಮ ಇದರಿಂದ ಉದ್ದವಾಗುತ್ತದೆ.

ಈಗ ಮಾಡಬೇಕಾದ್ದು. ಅವನಿಗೆ ಕೈ ಜೋರಾಗಿ ನಡುಗುವುದು, ಭೇದಿ, ವಾಂತಿ, ನಡೆಯುವಾಗ ತೂರಾಡುವುದು, ಮಾತು ತೊದಲುವುದು, ಮಂಕು ಕವಿದ ಹಾಗೆ ಇರುವುದು, ಇದರಲ್ಲಿ ಒಂದು ಕಂಡರೂ ಇವತ್ತೇ ಎಮರ್ಜೆನ್ಸಿಗೆ. ಏನೂ ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಅವನ ಸೈಕಿಯಾಟ್ರಿಸ್ಟ್‌ಗೆ ಫೋನ್ ಮಾಡಿ. ಲಿಥಿಯಂ ಮಟ್ಟ ನೋಡುವ ರಕ್ತ ಪರೀಕ್ಷೆಗೆ ಹಿಂದಿನ ಮಾತ್ರೆ ತೆಗೆದುಕೊಂಡು 12 ಗಂಟೆ ಆಗಿರಬೇಕು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಥಟ್ಟನೆ ನಿಲ್ಲಿಸಿದರೆ ಆ ಹತ್ತು ದಿನ ಮತ್ತೆ ಬರಬಹುದು. ನೋವಿಗೆ ಐಬುಪ್ರೊಫೆನ್ ಥರದ ಮಾತ್ರೆ ಬೇಡ. ಬಿಪಿ ಮಾತ್ರೆ ಇದ್ದರೆ ಅದನ್ನೂ ಹೇಳಿ, ಕೆಲವು ಬಿಪಿ ಮಾತ್ರೆಗಳು ಲಿಥಿಯಂ ಏರಿಸುತ್ತವೆ.

ಇನ್ನೊಂದು. ಬೈಪೋಲಾರ್ ಇದ್ದವರಿಗೆ ಆಪರೇಷನ್ ಇಲ್ಲ ಅಂತ ಹೆದರಿದ್ದರೆ, ಹಾಗೇನಿಲ್ಲ. ಸ್ಥಿರವಾಗಿದ್ದರೆ ಮಾಡುತ್ತಾರೆ. ಡೋಸ್ ಮುಂಚೆಯೇ ಲೆಕ್ಕ ಹಾಕಿ, ಆಮೇಲೆ ಮೊದಮೊದಲು ಪದೇ ಪದೇ ರಕ್ತ ಪರೀಕ್ಷೆ ಮಾಡಿಸುತ್ತಾ ಮಾಡುತ್ತಾರೆ. ಅವನು ನಿಜ ಹೇಳಿದ್ದರೆ ಬಹುಶಃ ಸ್ವಲ್ಪ ತಡವಾಗುತ್ತಿತ್ತು, ಅಷ್ಟೇ. ಮೊದಲು ಅವನಿಗೇ ಹೇಳಿ, ಅವನೇ ಟೀಮಿಗೆ ಫೋನ್ ಮಾಡಲಿ. ಮಾಡದಿದ್ದರೆ ನೀವು ಮಾಡಿ. ಕೋಪ ಮಾಡಿಕೊಳ್ಳುತ್ತಾನೆ, ಮಾಡಿಕೊಳ್ಳಲಿ.

ಕುಂದಾಪುರದ ಸುಮ್ನೆ ಒಬ್ಬ: ಮೇಡಂ ಹೇಳಿದ್ದು ಸರಿ, ಆದರೆ ಹೆಣ್ಣಿನ ಕಡೆಯವರಿಗೂ ಹೇಳಬೇಕು. ಮುಚ್ಚಿಟ್ಟು ಮದುವೆ ಮಾಡೋದು ಮೋಸ.

ಮಂಡ್ಯದ ಅಕ್ಕ: ಶುಗರ್ ಇರೋದನ್ನ ಎಷ್ಟು ಜನ ಹೇಳಿ ಮದುವೆ ಆಗ್ತಾರೆ? ಇದೊಂದು ಮಾತ್ರ ಊರಿಗೆಲ್ಲ ಸಾರಬೇಕಾ?

ಕುಂದಾಪುರದ ಸುಮ್ನೆ ಒಬ್ಬ: ನಿಮ್ಮ ಮಗಳಿಗೆ ಇಂಥ ಹುಡುಗ ಬಂದರೆ ಹೀಗೇ ಹೇಳ್ತೀರಾ?

ಮಂಡ್ಯದ ಅಕ್ಕ: ಇಂಥ ಹುಡುಗ ಅಂದ್ರೆ ಏನ್ರೀ ಅರ್ಥ? ನನ್ನ ಗಂಡ 9 ವರ್ಷದಿಂದ ಆ ಮಾತ್ರೆ ತಗೊಂಡು ಮನೆ ನಡೆಸ್ತಿದ್ದಾರೆ. ನೀವು ಸುಮ್ನೆ ಒಬ್ಬರು ಅಂತ ಹೆಸರು ಇಟ್ಕೊಂಡಿದ್ದೀರಿ, ಸುಮ್ನೆ ಇರಿ.

ಸೈಕಾಲಜಿಸ್ಟ್: ಇಲ್ಲಿ ಮದುವೆ ಮಾತುಕತೆ ನಡೆಯುತ್ತಿಲ್ಲ. ಆ ಹುಡುಗನ ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅನ್ನುವುದು ಈಗಿನ ವಿಷಯ. ನಿಮ್ಮ ಜಗಳದ ಕೆಳಗೆ ಅದು ಮುಚ್ಚಿ ಹೋಗುತ್ತಿದೆ.

ಬಳ್ಳಾರಿ ಬಿಸಿಲು: ಹುಬ್ಬಳ್ಳಿಯಲ್ಲಿ ಖರ್ಚು ಎಷ್ಟಾಗುತ್ತೆ? ಯಾರಾದರೂ ಹೇಳಿ.

ಮಲೆನಾಡ ಮಾಣಿ: ಆಪರೇಷನ್ ಯಾಕೆ ಬೇಕು? ಫಾರ್ವರ್ಡ್ ಬಂದಿದ್ದು ಹಾಕ್ತಿದ್ದೀನಿ: ‘ಉಪ್ಪಾಗೆ ಸಾರದ ಕ್ಯಾಪ್ಸೂಲ್ ಬೆಳಿಗ್ಗೆ 2, ರಾತ್ರಿ 2, ಮೇಲೆ ಜೀರಿಗೆ ನೀರು. 40 ದಿನದಲ್ಲಿ 15 ಕೆಜಿ. ಸೈಡ್ ಎಫೆಕ್ಟ್ ಇಲ್ಲ, ಪ್ರಕೃತಿಯ ವರ. ಎಲ್ಲರಿಗೂ ಶೇರ್ ಮಾಡಿ.’

ಸೈಕಾಲಜಿಸ್ಟ್: ಸಾರಿಗೆ ಹಾಕುವ ಉಪ್ಪಾಗೆ ಹುಳಿ ಬೇರೆ, ಅದರ ಸಾರ ತೆಗೆದು ಗಾರ್ಸಿನಿಯಾ ಅಂತ ಡಬ್ಬಿಗೆ ತುಂಬಿದ್ದು ಬೇರೆ. ಅಂಥ ಕ್ಯಾಪ್ಸೂಲ್ ತಿಂದು ಲಿವರ್ ಕೆಟ್ಟವರ ಪ್ರಕರಣಗಳು ದಾಖಲಾಗಿವೆ, ಕೆಲವರಿಗೆ ಲಿವರ್ ಬದಲಿಸಬೇಕಾಗಿದೆ. ಪ್ರಕೃತಿಯ ವರ ಅಂತೀರಿ, ವಿಷದ ಕಾಸರಕವೂ ಪ್ರಕೃತಿಯದೇ. ಈ ಥರ ಏನಾದರೂ ತಿನ್ನುತ್ತಿದ್ದರೆ ಸರ್ಜನ್‌ಗೆ ಹೇಳಿ.

ಮಲೆನಾಡ ಮಾಣಿ: ಫಾರ್ವರ್ಡ್ ಬಂದಿದ್ದು ಹಾಕಿದೆ ಅಷ್ಟೇ, ಇಷ್ಟು ಕೋಪ ಯಾಕೆ.

ಮಂಗಳೂರು ಮೀನು: ವಾರಕ್ಕೆ ಒಂದು ದಿನ ಎರಡು ಪೆಗ್. ಇದನ್ನೂ ಬರೆದುಕೊಳ್ತಾರಾ?

ಸೈಕಾಲಜಿಸ್ಟ್: ಬರೆದುಕೊಳ್ಳುತ್ತೇವೆ, ನಿಮ್ಮನ್ನು ಬೈಯೋಕಲ್ಲ. ಬೈಪಾಸ್ ಆದ ಮೇಲೆ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಮಟ್ಟವೂ ಹೆಚ್ಚು ಏರುತ್ತದೆ. ಅದೇ ಎರಡು ಪೆಗ್ ನಾಲ್ಕರ ಹಾಗೆ ಹಿಡಿಯಬಹುದು. ಕುಡಿತದ ಸಮಸ್ಯೆ ಹೆಚ್ಚಾಗಿ ಕಾಣಿಸುವುದು ಮೊದಲ ವರ್ಷದಲ್ಲಿ ಅಲ್ಲ, ಎರಡನೇ ವರ್ಷದಿಂದ. ಅಷ್ಟೊತ್ತಿಗೆ ತೂಕ ಇಳಿದಿರುತ್ತದೆ, ಹೊಸ ಶರ್ಟು ಬಂದಿರುತ್ತದೆ, ನಮ್ಮ ಹತ್ತಿರ ಬರುವುದು ನಿಂತಿರುತ್ತದೆ. ಮುಂಚೆ ಊಟದಲ್ಲಿ ಸಿಗುತ್ತಿದ್ದ ಸಮಾಧಾನ ಈಗ ಬಾಟಲಿಯಲ್ಲಿ ಹುಡುಕುವವರನ್ನು ನೋಡಿದ್ದೇನೆ.

ಮಂಗಳೂರು ಮೀನು: ಸಿಗರೇಟು?

ಸೈಕಾಲಜಿಸ್ಟ್: ಬಿಡಿ. ಕನಿಷ್ಠ 6 ವಾರ ಮುಂಚೆ. ಆಮೇಲೂ ಬೇಡ, ಹೊಲಿಗೆ ಜಾಗದಲ್ಲಿ ಹುಣ್ಣಾಗುತ್ತದೆ.

ತುಮಕೂರು ತಿಂಡಿಪೋತ: ಮೇಡಂ ಫೇಲ್ ಆದರೆ ಆಪರೇಷನ್ ಮಾಡಲ್ವಾ?

ಸೈಕಾಲಜಿಸ್ಟ್: ಮೇಲೆ ಹೇಳಿದೆ.

ಗೊರಕೆ ರಾಜ: ನಿದ್ದೆ ಟೆಸ್ಟ್ ಅಂತ ಒಂದು ರಾತ್ರಿ ವೈರ್ ಹಾಕಿ ಮಲಗಿಸಿದರು. ದುಡ್ಡು ಕೀಳೋಕಾ?

ಸೈಕಾಲಜಿಸ್ಟ್: ಹೆಸರಲ್ಲೇ ಉತ್ತರ ಇದೆ. ಗೊರಕೆ, ದಪ್ಪ ಕುತ್ತಿಗೆ, ಹಗಲು ತೂಕಡಿಕೆ, ಬಿಪಿ ಇದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ಸಾಧ್ಯತೆ ಜಾಸ್ತಿ. ಅರಿವಳಿಕೆಗೆ ಮುಂಚೆ ಗೊತ್ತಿರಬೇಕು. ಉಸಿರಾಟದ ಮಷೀನ್ ಹಾಕಿ ಮಲಗಿ ಅಂದರೆ ಹಾಕಿ.

ಜಿಮ್ ಗುರು: ಕ್ಷಮಿಸಿ, ಆದರೆ ಬಾಯಿ ಕಟ್ಟೋಕೆ ಆಗದ ಸೋಮಾರಿಗಳಿಗೆ ಹೊಟ್ಟೆ ಕತ್ತರಿಸೋದು. ದಿನಾ 10 ಸಾವಿರ ಹೆಜ್ಜೆ ನಡೀರಿ.

ಸ್ಲೀವ್ ಆಗಿ 3 ವರ್ಷ: ಹೆಜ್ಜೆ ಹಾಕೋಕೆ ನನ್ನ ಮಂಡಿ ನಿಮ್ಮ ಅಪ್ಪ ಕೊಡ್ತಾರಾ? 15 ವರ್ಷ ಡಯಟ್ ಮಾಡಿದೀನಿ.

ಐಟಿ ಅಣ್ಣ: ಈಗ ತೂಕ ಇಳಿಸೋ ಇಂಜೆಕ್ಷನ್ ಬಂದಿದೆಯಲ್ಲ, 2025ರಿಂದ ಮೌಂಜಾರೊ, ವೆಗೋವಿ ಎರಡೂ ಇಲ್ಲೇ ಸಿಗ್ತಿವೆ. ಆಪರೇಷನ್ ಕಾಲ ಮುಗೀತು.

ಸ್ಲೀವ್ ಆಗಿ 3 ವರ್ಷ: ನಿಲ್ಲಿಸಿದ ಮೇಲೆ ತೂಕ ವಾಪಸ್ ಬಂದಾಗ ಹೇಳಿ.

ಜಿಮ್ ಗುರು: ಅಪ್ಪನ ವಿಷಯ ತೆಗೆದವರು ಯಾರು? ಅಡ್ಮಿನ್ ನೋಡ್ತಿದ್ದೀರಾ?

ಅಡ್ಮಿನ್: ಇಬ್ಬರೂ ಸುಮ್ಮನಾಗಿ. ಎರಡು ಕಾಮೆಂಟ್ ಅಳಿಸಿದ್ದೇನೆ.

ಕೋಲಾರದ ಅಮ್ಮ: ನನ್ನ ಮಗಳಿಗೆ 16, 105 ಕೆಜಿ. ಸ್ಕೂಲಲ್ಲಿ ಎಲ್ಲರೂ ರೇಗಿಸ್ತಾರೆ, ರೂಮಿಂದ ಹೊರಗೆ ಬರಲ್ಲ. ಅವಳಿಗೆ ಮಾಡಿಸಬಹುದಾ?

ಬೆಳಗಾವಿ ಕುಂದಾ: ಎಲ್ಲರಿಗೂ ಉಪಯೋಗ ಆಗಲಿ ಅಂತ, ಇನ್ನೊಂದು ಗ್ರೂಪಿಂದ: ‘ಸೈಕಾಲಜಿ ಟೆಸ್ಟ್ ಪಾಸಾಗಲು ಹೇಳಬೇಕಾದ ಉತ್ತರಗಳು. 1. ದುಃಖ ಆಗುತ್ತಾ ಅಂದರೆ ಇಲ್ಲ ಅನ್ನಿ. 2. ರಾತ್ರಿ ತಿನ್ನಲ್ಲ ಅನ್ನಿ. 3. ಕುಡಿತ ಇಲ್ಲವೇ ಇಲ್ಲ. 4. ಮನೆಯವರ ಸಪೋರ್ಟ್ ಪೂರ್ತಿ ಇದೆ.’

ಸೈಕಾಲಜಿಸ್ಟ್: ಇದು ನನಗೆ ಗೊತ್ತು. ಕಳೆದ ತಿಂಗಳು ಮೂರು ಜನ ಇದೇ ನಾಲ್ಕು ಉತ್ತರ ಇದೇ ಕ್ರಮದಲ್ಲಿ ಹೇಳಿದರು. ನಾನು ಪೊಲೀಸ್ ಅಲ್ಲ, ಬಾಯಿ ಬಿಡಿಸೋಕೆ ಬರಲ್ಲ. ಯಾವತ್ತೂ ದುಃಖವೇ ಆಗದ 130 ಕೆಜಿ ಮನುಷ್ಯ ಎದುರಿಗೆ ಕೂತರೆ ಸುಳ್ಳು ಅಂತ ಗೊತ್ತಾಗುತ್ತದೆ, ಆದರೆ ಸುಳ್ಳಿನ ಹಿಂದೆ ಏನಿದೆ ಅಂತ ಗೊತ್ತಾಗಲ್ಲ. ಮೇಲೆ ಒಬ್ಬ ಅಕ್ಕ ತಮ್ಮನ ಬಗ್ಗೆ ಬರೆದಿದ್ದನ್ನು ಓದಿದಿರಾ? ಅವನೂ ಇದನ್ನೇ ಮಾಡಿದ್ದು. ಆಪರೇಷನ್ ಆದವರಲ್ಲಿ ಆತ್ಮಹತ್ಯೆಯ ಅಪಾಯ ಸ್ವಲ್ಪ ಹೆಚ್ಚು ಅಂತ ಅಧ್ಯಯನಗಳು ಹೇಳಿವೆ, ಆದ್ದರಿಂದಲೇ ಒಂದನೇ ಪ್ರಶ್ನೆ ಕೇಳುವುದು. ಅಡ್ಮಿನ್, ಇದನ್ನು ಅಳಿಸಿ. ಈಗಲೇ. ಯಾರಿಗಾದರೂ ಬದುಕೇ ಬೇಡ ಅನಿಸುತ್ತಿದ್ದರೆ ಟೆಲಿ ಮನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು.

ಬೆಳಗಾವಿ ಕುಂದಾ: ಒಳ್ಳೇದಕ್ಕೆ ಹಾಕಿದ್ದು. ಇಂಥ ಸೈಕಾಲಜಿಸ್ಟ್ ಸಿಕ್ಕರೆ ಯಾರು ನಿಜ ಹೇಳ್ತಾರೆ.

ಸೈಕಾಲಜಿಸ್ಟ್: ಅದೂ ಸರಿ. ಧ್ವನಿ ಜಾಸ್ತಿಯಾಯಿತು. ಅಳಿಸುವುದಂತೂ ಅಳಿಸಿ.

ಬಳ್ಳಾರಿ ಬಿಸಿಲು: ಹುಬ್ಬಳ್ಳಿ ಖರ್ಚು??

ಅನಾಮಿಕ ಸದಸ್ಯೆ: ಮೇಡಂ, ನಾಳೆವರೆಗೆ ಕಾಯಲಿಲ್ಲ. ಅವನಿಗೆ ನಿಮ್ಮ ಉತ್ತರ ಓದಿಸಿದೆ. ಬೆಳಿಗ್ಗೆಯಿಂದ ಕೈ ನಡುಗ್ತಾ ಇತ್ತಂತೆ, ಉಪವಾಸಕ್ಕೆ ಅಂದುಕೊಂಡಿದ್ದನಂತೆ. ಈಗ ಎಮರ್ಜೆನ್ಸಿಯಲ್ಲಿ ಇದ್ದೀವಿ, ರಕ್ತ ತಗೊಂಡಿದ್ದಾರೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಸೈಕಾಲಜಿಸ್ಟ್: ಡ್ಯೂಟಿ ಡಾಕ್ಟರ್‌ಗೆ ಮಾತ್ರೆಯ ಸ್ಟ್ರಿಪ್ ತೋರಿಸಿ. ಕೊನೆಯ ಮಾತ್ರೆ ಎಷ್ಟು ಗಂಟೆಗೆ ಅಂತ ಸರಿಯಾಗಿ ಹೇಳಿ. ರಿಪೋರ್ಟ್ ಬಂದ ಮೇಲೆ ಇಲ್ಲಿ ಬೇಡ, ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ. ಎಚ್ಚರವಾಗಿರುತ್ತೇನೆ.

ಮಂಡ್ಯದ ಅಕ್ಕ: ಅಮ್ಮ ಮಾತಾಡ್ತಾರೆ ಬಿಡಮ್ಮ. ನೀನು ಏನಾದರೂ ತಿಂದ್ಯಾ?

ರಾಯಚೂರು ರೈಲು: ನಮಸ್ಕಾರ ಈಗ ಜಾಯಿನ್ ಆದೆ. ಟೆಸ್ಟ್ ಫೇಲ್ ಆದರೆ ಕಟ್ಟಿದ ದುಡ್ಡು ವಾಪಸ್ ಕೊಡ್ತಾರಾ?

ಅಡ್ಮಿನ್: ಕಾಮೆಂಟ್ ಬಂದ್ ಮಾಡಿದ್ದೇನೆ. ಫಾರ್ವರ್ಡ್ ಅಳಿಸಿದ್ದಾಗಿದೆ.