ಪದ ಬೇಕು: ‘ಅನ್‌ಸಾಲ್ವ್ಡ್ ಮರ್ಡರ್’ ಸಿನಿಮಾಗೆ ಕನ್ನಡದಲ್ಲಿ ಏನನ್ನೋಣ? ಬಟ್ಟೆ ಬ್ಯಾನರಿಗೆ, ನಾಳೆ ಸಂಜೆಯೊಳಗೆ

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮದೊಂದು ಚಿಕ್ಕ ಸಿನಿಮಾ ಕೂಟ. ಮೂವತ್ತು ನಲವತ್ತು ಜನ, ಒಂದು ಪ್ರೊಜೆಕ್ಟರ್, ಗೋಡೆಗೆ ಕಟ್ಟುವ ಬಿಳಿ ಪರದೆ, ಅಷ್ಟೇ. ಈ ಶನಿವಾರ ಬಾಂಗ್ ಜೂನ್-ಹೋ ಅವರ ‘ಮೆಮೊರೀಸ್ ಆಫ್ ಮರ್ಡರ್’ (2003), ಭಾನುವಾರ ಡೇವಿಡ್ ಫಿಂಚರ್ ಅವರ ‘ಝೋಡಿಯಾಕ್’ (2007) ತೋರಿಸುತ್ತಿದ್ದೇವೆ. ಎರಡೂ ನಿಜವಾಗಿ ನಡೆದ ಕೊಲೆಗಳ ಕಥೆ. ಎರಡರಲ್ಲೂ ಕೊನೆಗೆ ಯಾರ ಕೈಗೂ ಬೇಡಿ ಬೀಳುವುದಿಲ್ಲ.

ಬ್ಯಾನರಿಗೆ ಎರಡು ಸಾಲು ಬೇಕು. ಮೇಲಿನ ಸಾಲು ‘ಅನ್‌ಸಾಲ್ವ್ಡ್ ಮರ್ಡರ್ಸ್’ ಅನ್ನೋದಕ್ಕೆ ಕನ್ನಡ. ಕೆಳಗಿನ ಸಾಲು ಚರ್ಚೆಯ ವಿಷಯ: ಇಂಥ ಸಿನಿಮಾಗಳು ಕ್ರೈಂ ಕಥೆಯ ಕನ್ವೆನ್ಷನ್ ಮುರಿಯುತ್ತವೆಯೇ? ನಾನು ಬರೆದುಕೊಂಡದ್ದು ‘ಪತ್ತೆಯಾಗದ ಕೊಲೆಗಳು’. ಕೂಟದಲ್ಲಿ ಒಬ್ಬರು ‘ಪರಿಹಾರವಾಗದ ಕೊಲೆಗಳು’ ಅಂದರು, ಇನ್ನೊಬ್ಬರು ‘ಬಗೆಹರಿಯದ ಕೊಲೆಗಳು’. ಬರೆಯುವ ಪೇಂಟರ್ ನಾಳೆ ಸಂಜೆ ಐದಕ್ಕೆ ಬರುತ್ತಾರೆ. ಯಾವುದು ಸರಿ?

ಮೈಸೂರಿನಿಂದ:

‘ಪರಿಹಾರವಾಗದ’ ಖಂಡಿತ ಬೇಡ. ಇವತ್ತು ಪರಿಹಾರ ಅಂದರೆ ಜನಕ್ಕೆ ಮೊದಲು ನೆನಪಾಗೋದು ಸರ್ಕಾರ ಕೊಡುವ ದುಡ್ಡು. ಸತ್ತವರ ಮನೆಯವರಿಗೆ ಚೆಕ್ ಬರಲಿಲ್ಲ ಅಂತ ಓದಿಕೊಳ್ಳುತ್ತಾರೆ.

‘ಪತ್ತೆಯಾಗದ ಕೊಲೆ’ಯೂ ತಪ್ಪು. ಕೃದಂತ, ಅಂದರೆ ಕ್ರಿಯಾಪದದಿಂದ ಆದ ‘ಪತ್ತೆಯಾಗದ’ ಅನ್ನೋ ಮಾತು, ಯಾವುದಕ್ಕೆ ಅಂಟಿಕೊಂಡಿದೆ ನೋಡಿ. ಇಲ್ಲಿ ಪತ್ತೆಯಾಗದೆ ಇರೋದು ಕೊಲೆ. ಅಂದರೆ ಕೊಲೆ ನಡೆದದ್ದೇ ಯಾರಿಗೂ ಗೊತ್ತಾಗಲಿಲ್ಲ, ಹೆಣವೂ ಸಿಗಲಿಲ್ಲ ಅಂತ ಅರ್ಥ. ನಿಮ್ಮ ಸಿನಿಮಾದಲ್ಲಿ ಕೊಲೆ ಊರಿಗೆಲ್ಲ ಗೊತ್ತು. ಸಿಗದವನು ಕೊಲೆಗಾರ.

ಯಾರಾದರೂ ‘ಕೊಲೆರಹಸ್ಯ’ ಅನ್ನೋ ಮೊದಲೇ ಹೇಳಿಬಿಡ್ತೀನಿ, ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು.

ಸಾಗರದಿಂದ:

ಅರಿಸಮಾಸದ ಭಯವೇ ಬೇಡ, ಸಂಸ್ಕೃತದ ಕಡೆ ಹೋಗದಿದ್ದರೆ ಆಯ್ತು. ಕೊಲೆ ನಮ್ಮದು. ‘ಕೊಲ್’ ಧಾತು, ನಿಲ್ ಇಂದ ನೆಲೆ ಬಂದ ಹಾಗೆ. ‘ಬಗೆಹರಿ’ಯೂ ನಮ್ಮದು. ಬಗೆ ಅಂದರೆ ಮನಸ್ಸು, ಹರಿ ಅಂದರೆ ಕಡಿದುಹೋಗು. ಮನಸ್ಸಿನ ಸಿಕ್ಕು ಕಡಿದುಹೋಗೋದೇ ಬಗೆಹರಿಯೋದು. ಪೊಲೀಸನ ತಲೆಯಲ್ಲಿ ಕೂತು ಹೋಗದ ಕೊಲೆಗೆ ಇದಕ್ಕಿಂತ ಒಳ್ಳೆ ಮಾತು ಎಲ್ಲಿದೆ? ‘ಬಗೆಹರಿಯದ ಕೊಲೆ’ ಅಂತ ಬರೆಸಿ.

‘ಪತ್ತೆ’ ಬೇಡ. ಅದು ಮರಾಠಿ, ಹಿಂದಿಯ ಪತ್ತಾ. ಕವಿ ಆಂಡಯ್ಯ 13ನೇ ಶತಮಾನದಲ್ಲೇ ತತ್ಸಮ, ಅಂದರೆ ಸಂಸ್ಕೃತದಿಂದ ಹಾಗೇ ತಂದ ಪದ, ಬಿಟ್ಟು ಇಡೀ ಕಾವ್ಯ ಬರೆದ. ನಮಗೆ ಒಂದು ಬ್ಯಾನರ್ ಬರೆಯೋಕೆ ಆಗಲ್ವಾ? ಕ್ರೈಂ, ಕನ್ವೆನ್ಷನ್, ಮರ್ಡರ್ ಅಂತ ಬರೆದು ಆಮೇಲೆ ಕನ್ನಡ ಕೇಳೋದು ನೋಡಿದರೆ ಬೇಜಾರಾಗುತ್ತೆ. ಸಿಹಿಮೊಗೆಯವರು ಹೀಗೆ ಮಾಡಬಾರದು.

ಧಾರವಾಡದಿಂದ:

ಈ ‘ಬಗೆ’ ಮನಸ್ಸಲ್ಲ, ಪಾಲು, ವಿಂಗಡ. ಒಪ್ಪಲಾರೆ.

ಶಿವಮೊಗ್ಗದ ಹೆಸರು ‘ಸಿಹಿಮೊಗೆ’ಯಿಂದ ಬಂತು ಅನ್ನೋದು ಊಹೆ. ‘ಶಿವಮುಖ’ವೂ ಊಹೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಶಿವಮೊಗ್ಗ ಅಂತಲೇ ಬರೆಯಬೇಕು ಅಂತಾಗಿದೆ. ಅದನ್ನು ಇಲ್ಲಿ ಎಳೆಯಬೇಡಿ.

ನಮ್ಮ ಕಡೆ ಒಗಟಿಗೆ ಒಡಪು ಅಂತೀವಿ. ‘ಒಡೆಯದ ಒಡಪು’ ಅಂತ ಬರೆಸಿ. ಕೇಳೋಕೂ ಚೆನ್ನ.

ಶಿವಮೊಗ್ಗದಿಂದ:

‘ಒಡೆಯದ ಒಡಪು’ ಇಷ್ಟವಾಯಿತು. ಆದರೆ ಮನಸ್ಸು ಒಪ್ಪುತ್ತಿಲ್ಲ. ಒಗಟು ಕೇಳುವವನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ ಅಲ್ವಾ? ಇಲ್ಲಿ ಸಿನಿಮಾ ಮಾಡಿದವರಿಗೂ ಉತ್ತರ ಗೊತ್ತಿರಲಿಲ್ಲ. ಸತ್ತವರು ನಿಜವಾದ ಮನುಷ್ಯರು. ಅದನ್ನು ಒಗಟು ಅಂದರೆ ಆಟದ ಹಾಗೆ ಕೇಳಿಸುತ್ತದೆ.

ಇನ್ನೊಂದು ವಿಷಯ. ‘ಝೋಡಿಯಾಕ್’ ಕೊಲೆಗಾರ ಪತ್ರಿಕೆಗಳಿಗೆ ಗುಪ್ತಲಿಪಿಯ ಪತ್ರ ಕಳಿಸುತ್ತಿದ್ದ. 1969ರಲ್ಲಿ ಕಳಿಸಿದ 340 ಅಕ್ಷರದ ಒಂದು ಪತ್ರವನ್ನು 2020ರ ಡಿಸೆಂಬರಿನಲ್ಲಿ ಮೂವರು ಹವ್ಯಾಸಿಗಳು ಬಿಡಿಸಿದರು. ಆದರೆ ಅದರಿಂದ ಅವನು ಯಾರು ಅಂತ ಗೊತ್ತಾಗಲಿಲ್ಲ. ಅಂದರೆ ಒಗಟು ಒಡೆಯಿತು, ಕೊಲೆ ಹಾಗೇ ಉಳಿಯಿತು. ಕನ್ನಡದಲ್ಲಿ ಈ ಎರಡಕ್ಕೂ ಒಂದೇ ಕ್ರಿಯಾಪದ ಹಾಕಿದರೆ ಈ ವ್ಯತ್ಯಾಸ ಕಳೆದುಹೋಗುತ್ತದೆ.

ತೀರ್ಥಹಳ್ಳಿಯಿಂದ:

ನಾನು ಠಾಣೆಯಲ್ಲಿ ಬರವಣಿಗೆ ಕೆಲಸ ಮಾಡಿ ನಿವೃತ್ತನಾದವನು. ಮೈಸೂರಿನವರ ಮಾತಿಗೆ ಒಂದು ತಿದ್ದುಪಡಿ. ಠಾಣೆಯಲ್ಲಿ ‘ಪತ್ತೆಯಾಗದ ಪ್ರಕರಣ’ ಅನ್ನೋದು ದಿನಾ ಬಳಸುವ ಮಾತು. ಕೇಸು ಸುಳ್ಳು ಅಥವಾ ಹುರುಳಿಲ್ಲ ಅಂತಾದರೆ ಬಿ ರಿಪೋರ್ಟ್. ಅಪರಾಧ ನಡೆದದ್ದು ನಿಜ, ಮಾಡಿದವರು ಪತ್ತೆಯಿಲ್ಲ ಅಂದರೆ ಸಿ ರಿಪೋರ್ಟ್. ನಾವು ಬಾಯಲ್ಲಿ ಹೇಳುತ್ತಿದ್ದದ್ದೂ ಅಷ್ಟೇ: “ಅದು ಸಿ ಆಯ್ತು.” ಹೆಣ ಸಿಕ್ಕಿಲ್ಲ ಅಂತ ಯಾರೂ ತಿಳಿದುಕೊಳ್ಳುತ್ತಿರಲಿಲ್ಲ. ಬಳಸುವವರಿಗೆ ಅರ್ಥ ಗೊತ್ತು.

ಆದರೂ ‘ಅನ್‌ಸಾಲ್ವ್ಡ್’ ಅನ್ನೋ ಒಂದು ಇಂಗ್ಲಿಷ್ ಮಾತಿನೊಳಗೆ ಮೂರು ಬೇರೆ ಬೇರೆ ಸ್ಥಿತಿ ಇದೆ. ಯಾರು ಅಂತ ಗೊತ್ತೇ ಇಲ್ಲ: ಅದು ಪತ್ತೆಯಾಗದ್ದು. ಇವನೇ ಅಂತ ಗುಮಾನಿ ಇದೆ, ಸಾಕ್ಷಿ ಸಾಲದು: ಅದು ರುಜುವಾಗದ್ದು. ಯಾರು ಅಂತ ಗೊತ್ತು, ಏನೂ ಮಾಡೋಕಾಗಲ್ಲ: ಅದು ಶಿಕ್ಷೆಯಾಗದ್ದು. ಮನೆಯವರಿಗೆ ಈ ಮೂರೂ ಬೇರೆ ಬೇರೆ ನೋವು. ನಾನು ಕಣ್ಣಾರೆ ನೋಡಿದ್ದೇನೆ.

ನಿಮ್ಮ ಕೊರಿಯಾದ ಸಿನಿಮಾ ಈಗ ಮೂರನೆಯದಕ್ಕೆ ಬಂದಿದೆ. ಹ್ವಾಸೊಂಗ್ ಎಂಬಲ್ಲಿ 1986ರಿಂದ 1991ರವರೆಗೆ ನಡೆದ ಕೊಲೆಗಳು ಅವು. 2003ರಲ್ಲಿ ಸಿನಿಮಾ ಬಂದಾಗ ಮಾಡಿದವನು ಯಾರೆಂದು ಗೊತ್ತಿರಲಿಲ್ಲ. 2019ರಲ್ಲಿ ಡಿಎನ್‌ಎಯಿಂದ ಗೊತ್ತಾಯಿತು. ಅವನು ಬೇರೊಂದು ಕೊಲೆಗಾಗಿ ಆಗಲೇ ಜೈಲಿನಲ್ಲಿದ್ದ. ಆದರೆ ಅಲ್ಲಿ ಆಗ ಕೊಲೆಗೆ 15 ವರ್ಷದ ಕಾಲಮಿತಿ ಇತ್ತು. ಅದು 2006ಕ್ಕೇ ಮುಗಿದಿತ್ತು. ಹಾಗಾಗಿ ಒಪ್ಪಿಕೊಂಡರೂ ಈ ಕೊಲೆಗಳಿಗೆ ಶಿಕ್ಷೆ ಇಲ್ಲ. ಇದರಲ್ಲೇ ಒಂದು ಕೊಲೆಗೆ ಇನ್ನೊಬ್ಬ ನಿರಪರಾಧಿ ಸುಮಾರು 20 ವರ್ಷ ಜೈಲಿನಲ್ಲಿ ಕಳೆದಿದ್ದ, 2020ರಲ್ಲಿ ಅವನನ್ನು ನಿರ್ದೋಷಿ ಅಂದರು. ನಮ್ಮಲ್ಲಿ ಕೊಲೆಗೆ ಕಾಲಮಿತಿ ಇಲ್ಲ. ಸಿ ರಿಪೋರ್ಟ್ ಆದ ಕೇಸನ್ನೂ ಹೊಸ ಸುಳಿವು ಸಿಕ್ಕರೆ ಮತ್ತೆ ತೆಗೆಯಬಹುದು.

ಹಾಗಾದರೆ ಬ್ಯಾನರಿನಲ್ಲಿ ‘ಪತ್ತೆಯಾಗದ’ ಅಂತ ಬರೆದರೆ ಸುಳ್ಳಾಗುವುದಿಲ್ಲವೇ?

ಮೈಸೂರಿನಿಂದ:

ಸುಳ್ಳಾಗುವುದಿಲ್ಲ. ನಿಷೇಧ ಕೃದಂತಕ್ಕೆ ಕಾಲವೇ ಇಲ್ಲ. ‘ಆಗದ’ ಅಂದರೆ ಆಗಲಿಲ್ಲ, ಆಗುತ್ತಿಲ್ಲ, ಆಗುವುದಿಲ್ಲ ಮೂರೂ ಹೌದು. ಸಿನಿಮಾದೊಳಗೆ ಅವನು ಯಾವತ್ತೂ ಸಿಗುವುದಿಲ್ಲ. ನಮ್ಮ ವ್ಯಾಕರಣ ಅದನ್ನು ಸಲೀಸಾಗಿ ಹೇಳುತ್ತದೆ. ಇಂಗ್ಲಿಷಿನ ಮಾತಿಗೆ ಈ ಅನುಕೂಲ ಇಲ್ಲ, ಅದು ಕೇಸಿನ ಇವತ್ತಿನ ಸ್ಥಿತಿಗೆ ಕಟ್ಟುಬಿದ್ದಿದೆ.

ಠಾಣೆಯ ಬಳಕೆ ಠಾಣೆಗೆ ಇರಲಿ. ರಸ್ತೆಯಲ್ಲಿ ಹೋಗುವವರಿಗೆ ‘ಪತ್ತೆಯಾಗದ ಕೊಲೆ’ ಗೊಂದಲವೇ.

ಸಾಗರದಿಂದ:

ಗುಮಾನಿ, ರುಜು, ಜೈಲು, ಕೇಸು. ಒಂದೇ ಓಲೆಯಲ್ಲಿ ಎಷ್ಟು ಸಾಲ! ಹೀಗೇ ಆದರೆ ಇನ್ನು ಇಪ್ಪತ್ತು ವರ್ಷಕ್ಕೆ ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತದೆ.

ತೀರ್ಥಹಳ್ಳಿಯಿಂದ:

ಸ್ವಾಮಿ, ಈ ಕ್ಷೇತ್ರದ ಮಾತೆಲ್ಲ ಹಾಗೇ ಬಂದದ್ದು. ವಕೀಲ, ಜಾಮೀನು, ಮಹಜರು, ಜಪ್ತಿ, ಫಿರ್ಯಾದಿ, ಖೂನಿ, ತನಿಖೆ. ಅರಬ್ಬಿ ಪಾರಸಿಯಿಂದ ಬಂದು ಇಲ್ಲೇ ನೆಲೆ ನಿಂತವು. ಮಹಜರಿಗೆ ಸಹಿ ಹಾಕೋಕೆ ಬಂದ ಅಡಿಕೆ ತೋಟದ ಆಳಿಗೂ ಮಹಜರು ಅಂದರೆ ಗೊತ್ತು. ನಾನು ಅಲ್ಲಿ ‘ಕಂಡುಬರಹ’ ಅಂತ ಹೊಸದಾಗಿ ಕಟ್ಟಿ ಹೇಳಿದ್ದರೆ ಅವನು ಹೆದರಿಕೊಳ್ಳುತ್ತಿದ್ದ. ಭಾಷೆ ಗೊತ್ತಿಲ್ಲದೆ ಠಾಣೆಯ ಬಾಗಿಲಲ್ಲಿ ನಿಂತವನ ಮುಖ ನೀವು ನೋಡಿಲ್ಲ.

ಧಾರವಾಡದಿಂದ:

ಸಾಲದ ಮಾತಿಗೆ ಇನ್ನೊಂದು. ಆ ಸಿನಿಮಾದ ಕೊರಿಯನ್ ಹೆಸರಲ್ಲಿ ‘ಕೊಲೆ’, ‘ನೆನಪು’ ಎರಡೂ ಚೀನಿ ಮೂಲದ ಶಬ್ದ. ನಡುವಿನ ‘ಯ’ ಪ್ರತ್ಯಯ ಮಾತ್ರ ಅವರ ಸ್ವಂತದ್ದು. ಅದು ಕೊರಿಯನ್ ಅಲ್ಲ ಅಂತೀರೇನು?

ಸಾಗರದಿಂದ:

ಅವರ ತಪ್ಪು ನಮಗೆ ಮಾದರಿಯಲ್ಲ.

ಹೊಸನಗರದಿಂದ:

ಇಷ್ಟೂ ಓದಿದೆ. ಎರಡನೇ ಸಾಲಿನ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಅನ್ನಿಸೋದು, ಅಲ್ಲಿಂದ ಶುರು ಮಾಡಿದರೆ ಮೊದಲ ಸಾಲಿನ ಪದ ತಾನೇ ಸಿಗುತ್ತದೆ.

ಕ್ರೈಂ ಕಥೆಯಲ್ಲಿ ನೋಡುವವರಿಗೂ ಕಥೆಗಾರನಿಗೂ ಒಂದು ಒಪ್ಪಂದ ಇರುತ್ತದೆ. ಮೊದಲು ಹೆಣ, ಆಮೇಲೆ ಸುಳಿವು, ಆಮೇಲೆ ಸುಳ್ಳು ಜಾಡು, ಕೊನೆಗೆ ನಿಜವಾದ ಮನುಷ್ಯ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ನಾವು ಹುಡುಗರಾಗಿದ್ದಾಗ ಕೈಯಿಂದ ಕೈಗೆ ದಾಟಿಸಿ ಓದಿದ್ದು ಇದೇ ನಂಬಿಕೆಯ ಮೇಲೆ. ಕೊನೆಯ ಹಾಳೆ ಹರಿದುಹೋಗಿದ್ದರೆ ಜಗಳವೇ ಆಗುತ್ತಿತ್ತು. ಈ ಎರಡು ಸಿನಿಮಾ ಒಪ್ಪಂದದ ಮೊದಲ ಮೂರು ಭಾಗ ಪೂರ್ತಿ ಉಳಿಸಿಕೊಳ್ಳುತ್ತವೆ. ಹೆಣ ಇದೆ, ಗುಮಾನಿ ಇದೆ, ಓಟ ಇದೆ. ಕೊನೆಯದನ್ನು ಮಾತ್ರ ಕೊಡುವುದಿಲ್ಲ. ಅದಕ್ಕೇ ಅವು ನಿಯಮ ‘ಮುರಿಯುತ್ತವೆ’ ಅನ್ನೋದನ್ನು ನಾನು ಒಪ್ಪಲ್ಲ. ನಿಯಮ ಗಟ್ಟಿಯಾಗಿ ಇದ್ದರೆ ಮಾತ್ರ ಕೊನೆಗೆ ಆ ಕೊರತೆ ಎದೆಗೆ ತಾಗೋದು. 1950ರ ಕುರೊಸಾವಾ ಅವರ ‘ರಾಶೊಮೊನ್’ ಬೇರೆ ಜಾತಿ. ಅಲ್ಲಿ ಒಂದೇ ಸಾವಿಗೆ ನಾಲ್ಕು ಹೇಳಿಕೆ, ಒಂದಕ್ಕೊಂದು ತಾಳೆಯಿಲ್ಲ. ಅದು ಒಪ್ಪಂದವನ್ನೇ ಹರಿದು ಹಾಕುತ್ತದೆ. ಇವು ಹರಿಯುವುದಿಲ್ಲ, ಸಹಿಯೊಂದನ್ನು ಬಾಕಿ ಇಡುತ್ತವೆ.

ಈಗ ಪದಕ್ಕೆ ಬರ್ತೀನಿ. ನಮ್ಮಜ್ಜ ಶಿಕಾರಿ ಮಾಡುತ್ತಿದ್ದವರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೋವಿ ಅಟ್ಟ ಸೇರಿತು, ಮಾತು ಮಾತ್ರ ಮನೆಯಲ್ಲಿ ಉಳಿಯಿತು. ಹಂದಿ ಹಳುವಿನೊಳಗೆ ನುಗ್ಗಿ ಮಳೆ ಹೊಡೆದರೆ ಹೆಜ್ಜೆ ಅಳಿಸಿಹೋಗುತ್ತಿತ್ತು. ಆಗ ಅಜ್ಜ ಹಂದಿ ತಪ್ಪಿಸಿಕೊಂಡಿತು ಅಂತಿರಲಿಲ್ಲ. “ಜಾಡು ಸಿಗಲಿಲ್ಲ” ಅಂತಿದ್ದರು. ಹಂದಿ ಅಲ್ಲೇ ಎಲ್ಲೋ ಇದೆ, ಇವತ್ತೂ ಗದ್ದೆಗೆ ಬರುತ್ತದೆ ಅನ್ನೋದು ಆ ಮಾತಿನಲ್ಲೇ ಇತ್ತು. ರಾತ್ರಿ ಮಾಳ ಕಾಯೋಕೆ ಹೋಗುವಾಗ ನಮಗೆ ಹೆದರಿಕೆ ಜಾಸ್ತಿ ಆಗುತ್ತಿದ್ದದ್ದು ಅದಕ್ಕೇ.

ಆ ಕೊರಿಯಾದ ಸಿನಿಮಾ ನೋಡಿ. ಮೊದಲ ಹೆಣ ಸಿಗೋದು ಮಾಗಿದ ಭತ್ತದ ಗದ್ದೆ ಬದಿಯ ಚರಂಡಿಯಲ್ಲಿ. ಮುಂದೆ ಇನ್ನೊಂದು ಕೊಲೆ ನಡೆದ ಜಾಗದಲ್ಲಿ ಹೆಜ್ಜೆ ಗುರುತು ಸಿಗುತ್ತದೆ, ಪೊಲೀಸರ ಕಣ್ಣೆದುರೇ ಅದರ ಮೇಲೆ ಟ್ರ್ಯಾಕ್ಟರ್ ಹತ್ತಿಹೋಗುತ್ತದೆ. ಕೊಲೆಗಳು ಮಳೆಯ ರಾತ್ರಿಯಲ್ಲೇ ನಡೆಯುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಡೀ ಸಿನಿಮಾನೇ ಜಾಡು ಅಳಿಸಿಹೋಗುವ ಕಥೆ.

‘ಜಾಡು ಸಿಗದ ಕೊಲೆಗಳು’. ಮೈಸೂರಿನವರ ತಕರಾರಿಗೂ ಇಲ್ಲಿ ಜಾಗವಿಲ್ಲ. ‘ಸಿಗದ’ ಅನ್ನೋದಕ್ಕೆ ‘ಜಾಡು’ ಅಂತ ಅದರದೇ ಕರ್ತೃ ಇದೆ, ಕೊಲೆಗೆ ಅಂಟಿಕೊಳ್ಳುವುದಿಲ್ಲ. ಯಾರು ಅಂತ ಗೊತ್ತಾಯಿತೋ ಇಲ್ಲವೋ, ಶಿಕ್ಷೆ ಆಯಿತೋ ಇಲ್ಲವೋ, ಅದನ್ನೂ ಇದು ಹೇಳಹೋಗುವುದಿಲ್ಲ. ಸಾಗರದವರಿಗೆ: ತೆಲುಗಿನ ‘ಜಾಡ’ ಇದರ ನಂಟ. ಸಾಲ ಅಲ್ಲ.

ಸಾಗರದಿಂದ:

‘ಜಾಡು’ ಒಪ್ಪಿದೆ. ‘ಬಗೆಹರಿ’ ಬಗ್ಗೆ ನಾನು ಹೇಳಿದ್ದು ಹಾಗೇ ನಿಂತಿದೆ.

ಶಿವಮೊಗ್ಗದಿಂದ:

ಹೊಸನಗರದವರಿಗೆ ಕೈಮುಗಿದೆ. ಮೇಲಿನ ಸಾಲು ‘ಜಾಡು ಸಿಗದ ಕೊಲೆಗಳು’ ಅಂತ ಗಟ್ಟಿ ಮಾಡಿಕೊಂಡೆ. ಕೆಳಗಿನ ಸಾಲಿಗೆ ‘ಕನ್ವೆನ್ಷನ್’ ಬದಲು ‘ಕಟ್ಟುಪಾಡು’ ಹಾಕೋಣ ಅಂತಿದ್ದೆ, ಅದು ಜಾತಿ ಪಂಚಾಯ್ತಿಯ ಮಾತಿನ ಹಾಗೆ ಕೇಳಿಸುತ್ತದೆ. ‘ಒಪ್ಪಂದ’ ಸರಿಹೋಗುತ್ತದೆ. ‘ಮುರಿಯುತ್ತವೆಯೇ?’ ಅನ್ನೋದನ್ನೂ ತೆಗೆದೆ. ಈಗ ಹೀಗಿದೆ: ‘ಕೊನೆಗೆ ಕೊಲೆಗಾರ ಸಿಗಲೇಬೇಕು ಅನ್ನುವ ಒಪ್ಪಂದ ನಾವು ಯಾವಾಗ ಮಾಡಿಕೊಂಡೆವು?’ ಉದ್ದ ಆಯಿತು. ಆದರೂ ಬಟ್ಟೆ ಹನ್ನೆರಡು ಅಡಿ ಇದೆ, ಹಿಡಿಸುತ್ತದೆ. ಪೇಂಟರ್ ಬಂದರು.

ಮೈಸೂರಿನಿಂದ:

‘ಗಳು’ ತೆಗೆಯಿರಿ. ‘ಜಾಡು ಸಿಗದ ಕೊಲೆ’ ಸಾಕು. ಕನ್ನಡದಲ್ಲಿ ಅಡಿಕೆ ಕೊಯ್ದೆವು ಅಂತೀವಿ, ಅಡಿಕೆಗಳನ್ನು ಕೊಯ್ದೆವು ಅನ್ನಲ್ಲ.

ಶಿವಮೊಗ್ಗದಿಂದ:

‘ಗ’ ಬರೆದಾಗಿತ್ತು. ಬಿಳಿ ಬಣ್ಣ ಬಳಿದು ಅಳಿಸಿದರು. ಹತ್ತಿರ ಹೋದರೆ ಗುರುತು ಕಾಣುತ್ತದೆ, ರಸ್ತೆಯಿಂದ ಕಾಣುವುದಿಲ್ಲ.